ರತ್ನಕ್ಕನ ಹುಳುಮನೆಯಲ್ಲಿ ನನ್ನ ಬೆಳಕು

ನನಗೆ ನಲವತ್ತಮೂರು ವರ್ಷ. ನಾನೊಬ್ಬ ವಿದ್ಯಾರ್ಥಿ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿದಾಗಲೆಲ್ಲ ಎದುರಿಗಿದ್ದವರು ನನ್ನ ಹೆಂಡತಿ ಸುಜಾತಳ ಮುಖ ನೋಡುತ್ತಾರೆ. ಅವಳು ‘ನನ್ನನ್ನೇನು ಕೇಳ್ತೀರ’ ಎನ್ನುವಂತೆ ಬೇರೆ ಕಡೆ ನೋಡುತ್ತಾಳೆ.

ವಾರದಲ್ಲಿ ಆರು ದಿನ ನಾನು ಮಾಲೂರಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಟ್ಟು ಬೋಲ್ಟು ಕಾಯುವ ಸಾಮಾನ್ಯ ಮನುಷ್ಯ. ಏಳನೆಯ ದಿನ ಕೋಲಾರದ ಫೋಟೊಗ್ರಫಿ ತರಗತಿಯಲ್ಲಿ ಕಲಾವಿದ. ಒಟ್ಟು ಹನ್ನೆರಡು ವಿದ್ಯಾರ್ಥಿಗಳು. ಹನ್ನೊಂದು ಜನಕ್ಕೆ ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ನನ್ನದು ಆಗಲೇ ಬೆಳ್ಳಗಾಗುತ್ತಿದೆ.

ನಮ್ಮ ಮೇಷ್ಟ್ರು ಬೆಂಗಳೂರಿನಿಂದ ಬರುತ್ತಿದ್ದರು. ಒಂದು ಮಾತು ಆಡಿದರೆ ಇನ್ನೊಂದು ಮಾತಿಗೆ ಐದು ನಿಮಿಷ ಕಾಯಬೇಕು, ಅಷ್ಟು ದೊಡ್ಡ ಕಲಾವಿದರು. ಮೊದಲ ದಿನವೇ ಹೇಳಿದರು: “ಬೆಳಕನ್ನ ಎಲ್ಲರೂ ನೋಡ್ತಾರೆ. ಕಲಾವಿದ ನೆರಳನ್ನ ನೋಡ್ತಾನೆ. ಒಂದು ಕಡೆಯಿಂದ ಬೆಳಕು ಬಿಡಿ. ಇನ್ನೊಂದು ಕಡೇನ ಕತ್ತಲೆಗೆ ಬಿಟ್ಟುಬಿಡಿ.” ಆಮೇಲೆ ಯಾವ್ಯಾವುದೋ ದೇಶದ ಮುದುಕರ ಅರ್ಧರ್ಧ ಮುಖಗಳನ್ನು ಪರದೆಯ ಮೇಲೆ ತೋರಿಸಿದರು. ಬಸ್ಸು ಮಾಲೂರು ಸೇರುವಷ್ಟರಲ್ಲಿ ನಾನು ಬೇರೆ ಮನುಷ್ಯನಾಗಿದ್ದೆ.

ಮನೆಗೆ ಬಂದವನೇ ಅಡುಗೆಮನೆಯ ದೀಪ ಆರಿಸಿ, ಕಿಟಕಿಯ ಬೆಳಕಿನಲ್ಲಿ ಮುದ್ದೆ ತಿರುವುತ್ತಿದ್ದ ಸುಜಾತಳ ಫೋಟೊ ತೆಗೆದೆ. ನನ್ನ ಕಣ್ಣಿಗೆ ಅದು ಮಹಾಕೃತಿ. ಅವಳು ಕ್ಯಾಮೆರಾದ ಹಿಂಬದಿಯಲ್ಲಿ ಬಗ್ಗಿ ನೋಡಿದಳು.

“ಮಿಕ್ಕಿದ ಅರ್ಧ ಮುಖ ಎಲ್ರೀ?”

“ಅದು ಕತ್ತಲೆಯಲ್ಲಿದೆ. ನೋಡುವವರು ಊಹಿಸಿಕೊಳ್ಳಬೇಕು.”

“ಹತ್ತೊಂಬತ್ತು ವರ್ಷದಿಂದ ಪೂರ್ತಿ ಮುಖ ನೋಡ್ತಿದ್ದೀರಲ್ಲ, ಇನ್ನೇನ್ರೀ ಊಹಿಸ್ಕೊಳೋದು? ದೀಪ ಹಾಕಿ, ಮುದ್ದೆ ಗಂಟಾಯ್ತು!”

ಕಲಾವಿದರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎಂದು ಕೇಳಿದ್ದೆ. ಅದು ಒಂದೇ ದಿನದಲ್ಲಿ ಅನುಭವಕ್ಕೆ ಬಂದಿತು.

ತರಗತಿಯ ಕೊನೆಗೆ ಕೋಲಾರದಲ್ಲೇ ಒಂದು ಪ್ರದರ್ಶನ. ತಲೆಗೆ ಒಂದು ಚಿತ್ರ. “ಯಾರೂ ತೆಗೆಯದೇ ಇರೋದನ್ನ ತನ್ನಿ. ಇಲ್ಲದಿದ್ದರೆ ನಿಮ್ಮ ಗೋಡೆ ಖಾಲಿ ಬಿಡ್ತೀನಿ,” ಎಂದರು ಮೇಷ್ಟ್ರು. ಮುಂದಿನ ಭಾನುವಾರ ಎಂಟು ಹುಡುಗರು ಟೊಮ್ಯಾಟೊ ಮಂಡಿಯ ಫೋಟೊ ತಂದರು. ಮೂವರು ಬೆಟ್ಟದ ಮೇಲಿನ ಸೂರ್ಯೋದಯ ತಂದರು. ನಾನು ಕುರುಡುಮಲೆಗೆ ಹೋಗಿ ಗಣಪತಿಯನ್ನು ತರಬೇಕೆಂದಿದ್ದೆ. ಒಳಗೆ ಕ್ಯಾಮೆರಾ ಬಿಡಲಿಲ್ಲ. ಹೊರಗೆ ಬಿಟ್ಟಿದ್ದ ಚಪ್ಪಲಿಗಳ ರಾಶಿ ತೆಗೆದುಕೊಂಡು ಬಂದೆ. ಅದರಲ್ಲಿ ನನ್ನ ಚಪ್ಪಲಿಯೇ ಎದ್ದು ಕಾಣುತ್ತಿತ್ತು. ಮೇಷ್ಟ್ರು ಐದು ನಿಮಿಷ ನೋಡಿ, ಆರನೆಯ ನಿಮಿಷಕ್ಕೆ ನಿಟ್ಟುಸಿರು ಬಿಟ್ಟರು.

ಆಗ ಹೊಳೆದಿದ್ದು ರತ್ನಕ್ಕನ ಹುಳುಮನೆ!

ರತ್ನಕ್ಕ ಸುಜಾತಳ ಸ್ವಂತ ಅಕ್ಕ. ಹುತ್ತೂರಿನ ಹತ್ತಿರ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹದಿನೈದು ವರ್ಷ ತಾವು ಮಲಗುವ ಮನೆಯಲ್ಲೇ ಹುಳುಗಳನ್ನೂ ಮಲಗಿಸಿದವರು ಈ ವರ್ಷ ತೋಟದಲ್ಲಿ ಬೇರೆಯಾಗಿ ಹುಳುಮನೆ ಕಟ್ಟಿಸಿದ್ದರು. ಅದರಲ್ಲಿ ಇದೇ ಮೊದಲ ಬೆಳೆ. ಮೊದಲ ಬೆಳೆ ಚೆನ್ನಾಗಿ ಬಂದರೆ ಮನೆ ಕೂಡಿಬಂತು ಎಂದು ಲೆಕ್ಕ. ಬರದಿದ್ದರೆ ಜನ್ಮಪೂರ್ತಿ ‘ಆ ಮನೆ ಕೂಡಿಬರಲಿಲ್ಲ’ ಎಂದು ಅತ್ತೆಯಿಂದ ಕೇಳಿಸಿಕೊಳ್ಳಬೇಕು. ಅವರ ಅತ್ತೆ ಪಾಯ ಹಾಕಿದ ದಿನದಿಂದಲೇ ಆ ಮಾತಿಗೆ ಸಿದ್ಧರಾಗಿ ಕೂತಿದ್ದರು.

ನಾವು ಹೋದ ದಿನ ಹುಳುಗಳು ಹಣ್ಣಾಗುತ್ತಿದ್ದವು. ಅಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಚಿನ್ನದ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು. ಆ ದಿನ ಮನೆಯವರೆಲ್ಲ ಹಣ್ಣು ಹುಳುಗಳನ್ನು ಆಯ್ದು ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರಿನ ದೊಡ್ಡ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನೇ ಸುರುಳಿ ಸುರುಳಿಯಾಗಿ ನಿಲ್ಲಿಸಿದರೆ ಅದೇ ಚಂದ್ರಿಕೆ, ಅಕ್ಕನ ಬಾಯಲ್ಲಿ ಚಂದ್ರಂಕಿ. ಸುರುಳಿಯ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ.

ಒಳ್ಳೆಯ ಅಂಗಿ ತೊಟ್ಟು, ಮೈತುಂಬ ಸೆಂಟ್ ಹಾಕಿಕೊಂಡು, ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ದೊಡ್ಡ ಲೈಟು ಹಿಡಿದು ನಾನು ಹುಳುಮನೆಯ ಬಾಗಿಲಿಗೆ ಹೋದೆ. ರತ್ನಕ್ಕ ಮೂಗು ಮುಚ್ಚಿಕೊಂಡರು.

“ಬನ್ನಿ ಬನ್ನಿ. ಬಂದಿದ್ದು ಸಂತೋಷ. ಮೊದ್ಲು ಸ್ನಾನ ಮಾಡ್ಕೊಂಬನ್ನಿ.”

“ಬೆಳಿಗ್ಗೇನೇ ಮಾಡಿದ್ದೀನಿ ಅಕ್ಕ.”

“ಈ ವಾಸ್ನೆಗೆ ನಮ್ ಹುಳ ಉಳೀತವಾ? ಇನ್ನೊಂದು ಸಲ ಮಾಡಿ. ಸೋಪು ಹಾಕ್ಬೇಡಿ.”

ತೊಟ್ಟಿಯ ಬಳಿ ಎಮ್ಮೆಯ ಪಕ್ಕದಲ್ಲಿ ನಿಂತು ಸ್ನಾನ ಮಾಡಿದೆ. ಷಡ್ಡಕನ ಹಳೆಯ ಲುಂಗಿ ಕೊಟ್ಟರು. ನನ್ನ ಷಡ್ಡಕ ನನಗಿಂತ ಒಂದಡಿ ಕುಳ್ಳ! ಮೊಣಕಾಲಿನ ಮೇಲೆ ನಿಂತ ಆ ಲುಂಗಿಯಲ್ಲಿ, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕಲೆಯ ಸೇವೆಗಾಗಿ ಒಳಗೆ ಪ್ರವೇಶಿಸಿದೆ.

ಒಳಗೆ ಎಲ್ಲರೂ ತಲೆ ಎತ್ತದೆ ಹುಳು ಆಯುತ್ತಿದ್ದರು. ಸುಜಾತ ಸೆರಗು ಸಿಕ್ಕಿಸಿ ಅಕ್ಕನ ಪಕ್ಕ ಕೂತಾಗಿತ್ತು. “ನೀವೂ ಒಂದು ಕೈ ಹಾಕ್ರೀ,” ಎಂದಳು. “ನಾನು ದಾಖಲಿಸಲು ಬಂದಿದ್ದೇನೆ,” ಎಂದೆ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ನನ್ನ ಲುಂಗಿ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ನಲವತ್ತು ಚಂದ್ರಿಕೆಗಳು ಗೋಡೆಗೆ ಒರಗಿ ನಿಂತವು. ಕಿಟಕಿಗಳಿಗೆಲ್ಲ ಗೋಣಿ ಪರದೆ. ಒಳಗೆ ತಂಪು, ಮಬ್ಬು. ಅಕ್ಕ ಮೂಲೆಯ ಒಂದು ಚಂದ್ರಿಕೆ ತೋರಿಸಿ ಹೇಳಿದರು: “ಇದೊಂದನ್ನ ಹೆಂಗೆ ಬೇಕಾದ್ರೂ ತೆಕ್ಕೊಳ್ಳಿ. ಬೇರೇದ್ರ ತಂಟೆಗೆ ಹೋಗ್ಬೇಡಿ. ಪರ್ದೆ ಮುಟ್ಬೇಡಿ. ನಾವು ಊಟ ಮಾಡಿ, ಸೊಪ್ಪಿನ ಕಡ್ಡಿಯೆಲ್ಲ ಸಾಗ್ಸಿ ಬರ್ತೀವಿ.”

“ಆಗಲಿ ಅಕ್ಕ,” ಎಂದೆ. ಮನಸ್ಸಿನಲ್ಲಿ ಮಾತ್ರ ನಕ್ಕೆ. ಪಾಪ, ಹಳ್ಳಿಯ ಹೆಂಗಸು. ಚಿತ್ರ ಸಂಯೋಜನೆಯ ವಿಚಾರ ಅವರಿಗೆ ಹೇಗೆ ಗೊತ್ತಿರಬೇಕು?

ಒಂದು ಚಂದ್ರಿಕೆಯಲ್ಲಿ ಏನು ಗಾಂಭೀರ್ಯ ಬರುತ್ತದೆ? ಇನ್ನೂ ನಾಲ್ಕನ್ನು ಮೆಲ್ಲಗೆ ಎತ್ತಿ ತಂದು ಸಾಲಾಗಿ ನಿಲ್ಲಿಸಿದೆ. ಐದಾದವು. ಆದರೆ ಬೆಳಕಿಲ್ಲ. ಎಡಗಡೆ ಕಿಟಕಿಯ ಗೋಣಿ ಪರದೆ ತೆಗೆದೆ. ಬಿಸಿಲು ಬಂತು. ಇನ್ನೂ ಬೇಕೆನಿಸಿತು. ಅದೇ ಕಡೆಯಿಂದ ನನ್ನ ದೊಡ್ಡ ಲೈಟನ್ನೂ ಹಾಕಿದೆ. ಐದು ನಿಮಿಷಕ್ಕೊಂದು ಫೋಟೊ ತಾನೇ ತೆಗೆಯುವಂತೆ ಕ್ಯಾಮೆರಾ ಹೊಂದಿಸಿ, ಮೂರು ಕಾಲಿನ ಸ್ಟ್ಯಾಂಡಿನ ಪಕ್ಕ ಕೈಕಟ್ಟಿ ನಿಂತೆ.

ಸ್ವಲ್ಪ ಹೊತ್ತಿನಲ್ಲೇ ವಿಸ್ಮಯವೊಂದು ನಡೆಯಿತು. ಚಂದ್ರಿಕೆಯ ತುಂಬ ಚೆಲ್ಲಾಪಿಲ್ಲಿಯಾಗಿದ್ದ ಸಾವಿರಾರು ಹುಳುಗಳು ಒಂದೇ ದಿಕ್ಕಿಗೆ ಹೊರಟವು! ಎಡದಿಂದ ಬಲಕ್ಕೆ. ಬೆಳಕಿನಿಂದ ಕತ್ತಲೆಗೆ. ಒಂದರ ಮೇಲೊಂದು ಹತ್ತಿ, ತಳ್ಳಾಡಿ, ನೂಕಾಡಿ, ಹಬ್ಬದ ಹಿಂದಿನ ದಿನದ ಕೋಲಾರ ಬಸ್ಸಿನ ಬಾಗಿಲಿನಂತೆ ಬಲಗಡೆ ಅಂಚಿನಲ್ಲಿ ತುಂಬಿಕೊಂಡವು. ಎಡಗಡೆ ಅರ್ಧ ಖಾಲಿ ಬಿದಿರು ಹೊಳೆಯುತ್ತಿತ್ತು. ಬಲಗಡೆ ಅರ್ಧ ಕತ್ತಲಲ್ಲಿ ಜೀವ ಮಿಸುಕುತ್ತಿತ್ತು. ಮೇಷ್ಟ್ರು ಹೇಳಿದ್ದನ್ನು ನನ್ನ ಹನ್ನೊಂದು ಸಹಪಾಠಿಗಳು ಅರ್ಥ ಮಾಡಿಕೊಂಡಿರಲಿಲ್ಲ. ಹುಳುಗಳು ಅರ್ಥ ಮಾಡಿಕೊಂಡಿದ್ದವು! ನನ್ನ ಕಣ್ಣು ತುಂಬಿ ಬಂತು.

ಎರಡೂವರೆ ಗಂಟೆ ಕಳೆದ ಮೇಲೆ ರತ್ನಕ್ಕ ಬಂದರು. ಕಿಟಕಿ ನೋಡಿದರು. ಲೈಟು ನೋಡಿದರು. ಚಂದ್ರಿಕೆ ನೋಡಿದರು. ಅವರಿಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ತೆಲುಗಿಗೆ ಹೋಗುತ್ತಾರೆ ಎಂದು ಸುಜಾತ ಮದುವೆಯಾದ ಹೊಸದರಲ್ಲೇ ಎಚ್ಚರಿಸಿದ್ದಳು.

“ಏಮಿ ಪನಿ ಚೇಸ್ತಿವಿರಾ ನಾಯನಾ!”

ಏನು ಕೆಲಸ ಮಾಡಿಟ್ಟೆಯೋ ಅಪ್ಪಾ ಎಂದು ಅರ್ಥ. ಹತ್ತೊಂಬತ್ತು ವರ್ಷ ಬಹುವಚನದಲ್ಲಿ ಬಾಳಿದ ಅಳಿಯ ನಾನು. ಒಂದೇ ವಾಕ್ಯಕ್ಕೆ ಏಕವಚನಕ್ಕೆ ಇಳಿದೆ!

“ಅಕ್ಕ, ನೋಡಿ, ಎಷ್ಟು ಚೆನ್ನಾಗಿ...”

“ಹಣ್ಣು ಹುಳಕ್ಕೆ ಬೆಳಕು ಆಗಲ್ಲ ಕಣೋ! ಕತ್ಲೆ ಕಡೆ ಓಡ್ತವೆ! ಒಂದೇ ಕಡೆ ಇಷ್ಟೊಂದು ತುಂಬ್ಕೊಂಡ್ರೆ ಎರಡೆರಡು ಸೇರ್ಕೊಂಡು ಒಂದೇ ಗೂಡು ಕಟ್ತವೆ! ಜೋಡಿ ಗೂಡಲ್ಲಿ ನೂಲು ಬಿಚ್ಚಕ್ಕಾಗುತ್ತಾ? ಸಿಕ್ಕಾಗ್ತದೆ! ಮೊದ್ಲ ಬೆಳೆ ಕಣೋ ಇದು!”

ಕೊನೆಯ ಮಾತು ಹೇಳುವಾಗ ಅವರ ದನಿ ನಡುಗಿತು. ಆಗ ಮಾತ್ರ ನನಗೆ ಲೈಟು ಆರಿಸಬೇಕೆಂದು ಹೊಳೆಯಿತು. ನಾಚಿಕೆಯಿಂದ ನಿಜಕ್ಕೂ ಭೂಮಿಗಿಳಿದು ಹೋದೆ.

ಆಮೇಲೆ ಪರದೆ ಕಟ್ಟಿ, ಅಕ್ಕ, ಸುಜಾತ, ನಾನು ಮೂವರೂ ಕೂತು ಹುಳುಗಳನ್ನು ಒಂದೊಂದಾಗಿ ಬಿಡಿಸಿ ಎಡಗಡೆಗೆ ಬಿಟ್ಟೆವು. ಅಷ್ಟರಲ್ಲಿ ಎಷ್ಟೋ ಹುಳುಗಳು ಎಳೆ ಹಾಕಲು ಶುರುಮಾಡಿ ಆಗಿತ್ತು. ಅವನ್ನು ಎಬ್ಬಿಸುವಂತಿಲ್ಲ. ನನ್ನ ದಪ್ಪ ಬೆರಳಿಗೆ ಸಿಕ್ಕಿದ ಹುಳುಗಳೆಲ್ಲ ನನ್ನ ಬೆರಳಿಗೇ ಗೂಡು ಕಟ್ಟಲು ಹೊರಟವು. ಸುಜಾತ ತಲೆ ಎತ್ತದೆ ಕೇಳಿದಳು: “ದಾಖಲೆ ಮಾಡಿದ್ದಾಯ್ತೇನ್ರೀ?”

ಆರು ದಿನ ಬಿಟ್ಟು ಗೂಡು ಬಿಡಿಸಲು ಮತ್ತೆ ಹೋದೆ. ಇನ್ನೊಂದು ರಜೆ ಹಾಕಿ, ಈ ಸಲ ಸೆಂಟ್ ಇಲ್ಲದೆ, ಬರಿಗೈಯಲ್ಲಿ. ಮೂವತ್ತೈದು ಚಂದ್ರಿಕೆಗಳ ಗೂಡು ಮಲ್ಲಿಗೆ ಮೊಗ್ಗಿನಂತಿದ್ದವು. ನನ್ನ ಐದರಲ್ಲಿ ಮಾತ್ರ ದಪ್ಪ ದಪ್ಪ ಜೋಡಿ ಗೂಡುಗಳು. ಅಕ್ಕ ಅವನ್ನು ಬೇರೆ ಮಂಕರಿಗೆ ಆರಿಸಿ ಹಾಕಿದರು. ಅವರ ಅತ್ತೆ ಬಂದು ಎರಡೂ ರಾಶಿಗೆ ಕೈ ಹಾಕಿ ನೋಡಿದರು.

“ಮನೆ ಕೂಡಿಬಂದೈತೆ,” ಎಂದರು ಮುದುಕಿ. ಆಮೇಲೆ ಮಂಕರಿಯ ಕಡೆ ಕೈ ತೋರಿಸಿ, “ಅಳಿಯ ಕೂಡಿಬಂದಿಲ್ಲ,” ಎಂದರು.

ಪ್ರದರ್ಶನದ ದಿನ ಬಂತು. ನನ್ನ ಚಿತ್ರದ ಹೆಸರು ‘ವಲಸೆ’. ಮೇಷ್ಟ್ರು ಅದರ ಮುಂದೆ ನಿಂತು ಐದು ನಿಮಿಷವೂ ಕಾಯಲಿಲ್ಲ. “ಅದ್ಭುತ! ಜೀವ ಬೆಳಕನ್ನ ತಿರಸ್ಕರಿಸಿ ಕತ್ತಲೆಗೆ ನಡೀತಿದೆ! ಇದು ನಮ್ಮ ಕಾಲದ ಚಿತ್ರ!” ಎಂದರು. ಬಾಗಿಲಿನ ಪಕ್ಕದ ದೊಡ್ಡ ಗೋಡೆ ಪೂರ್ತಿ ನನಗೇ ಕೊಟ್ಟರು. ನಾನು ಅದರ ಪಕ್ಕ ನಿಲ್ಲುವ ಭಂಗಿಯನ್ನು ಅಭ್ಯಾಸ ಮಾಡತೊಡಗಿದೆ.

ನಾನು ಒಂದು ವಿಷಯ ಮರೆತಿದ್ದೆ. ಪ್ರದರ್ಶನ ನಡೆಯುತ್ತಿದ್ದುದು ಕೋಲಾರದಲ್ಲಿ. ನೋಡಲು ಬರುವವರೂ ಕೋಲಾರದವರೇ.

ಮಂಡಿಗೆ ಬಂದಿದ್ದ ಇಬ್ಬರು ರೈತರು, ಒಳಗೆ ಟೀ ಕೊಡುತ್ತಾರೆಂದು ಕೇಳಿ ಬಂದರು. ಒಬ್ಬರು ನನ್ನ ಚಿತ್ರದ ಮುಂದೆ ಗಕ್ಕನೆ ನಿಂತರು.

“ಲೇ, ಬಾರ್ಲಾ ಇಲ್ಲಿ! ಯಾವನೋ ಹಣ್ಣು ಹುಳದ ಮುಂದೆ ಲೈಟ್ ಇಟ್ಟವ್ನೆ!”

“ಅಯ್ಯೋ! ಇವು ಒಂದಾದ್ರೂ ಬಿಡಿ ಗೂಡು ಕಟ್ಟಿರ್ತವಾ? ಎಲ್ಲಾ ಜೋಡೀನೇ. ಆ ಮನೆ ಹೆಂಗಸ್ರು ಇವನನ್ನ ಸುಮ್ನೆ ಬಿಟ್ರಾ?”

ಇವರ ಗದ್ದಲ ಕೇಳಿ ಇನ್ನೂ ನಾಲ್ವರು ಬಂದರು. ನಾಲ್ವರು ಹತ್ತಾದರು. ಟೊಮ್ಯಾಟೊ ಫೋಟೊಗಳ ಮುಂದೆ ನರಪಿಳ್ಳೆ ಇಲ್ಲ, ನನ್ನ ಮುಂದೆ ಜಾತ್ರೆ! ಮೇಷ್ಟ್ರು ನನ್ನ ಕಿವಿಯಲ್ಲಿ, “ನೋಡಿ, ಜನ ನಿಮ್ಮ ಕೃತಿಯ ಜೊತೆ ಮಾತಾಡ್ತಿದ್ದಾರೆ,” ಎಂದರು.

ಜನ ಕೃತಿಯ ಜೊತೆ ಮಾತಾಡುತ್ತಿರಲಿಲ್ಲ. ಕೃತಿಕಾರನನ್ನು ಹುಡುಕುತ್ತಿದ್ದರು.

“ಯಾರಪ್ಪಾ ಇದನ್ನ ಮಾಡಿದೋನು?”

ನಾನು ಎದುರುಗೋಡೆಯ ಟೊಮ್ಯಾಟೊಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಷ್ಟರಲ್ಲಿ ಸುಜಾತಳ ಜೊತೆ ರತ್ನಕ್ಕ ಒಳಗೆ ಬಂದರು. ನಗುತ್ತಿದ್ದ ಗುಂಪನ್ನು ನೋಡಿದರು, ಗೋಡೆ ನೋಡಿದರು, ಸೀದಾ ನಡುವೆ ನುಗ್ಗಿದರು.

“ನಮ್ಮನೆ ಅಳಿಯ ಕಣ್ರಪ್ಪ ತೆಗ್ದಿದ್ದು. ನಮ್ ಹುಳಾನೇ ಅವು. ಅವನು ಕಾರ್ಖಾನೆ ಕೆಲ್ಸದೋನು, ಗೊತ್ತಿಲ್ದೆ ಮಾಡ್ದ. ಆಮೇಲೆ ಬಂದು ನಮ್ ಜೊತೆ ಕೂತು ಗೂಡೂ ಬಿಡ್ಸಿಕೊಟ್ಟ. ಹೋದ್ರೆ ಐದು ಚಂದ್ರಂಕಿ ಹೋಯ್ತು, ಏನೀಗ? ಫೋಟೊ ಚೆನ್ನಾಗೈತೋ ಇಲ್ವೋ, ಅದನ್ನ ಹೇಳಿ!”

ಗುಂಪು ಮತ್ತೊಮ್ಮೆ ಗೋಡೆಯ ಕಡೆ ತಿರುಗಿತು. “ಫೋಟೊ ಏನೋ ಚೆನ್ನಾಗೈತೆ ಬಿಡಮ್ಮ,” ಎಂದರು ಮೊದಲು ಬಂದ ರೈತರಲ್ಲೊಬ್ಬರು. ಮೇಷ್ಟ್ರ ‘ಅದ್ಭುತ’ಕ್ಕೆ ಹಿಗ್ಗಿದ್ದೆ ನಿಜ. ಆದರೆ ಆ ಹೊತ್ತಿನಲ್ಲಿ ಅಕ್ಕನ ಕಾಲಿಗೆ ಬೀಳಬೇಕೆನಿಸಿದ್ದು ಅದಕ್ಕಿಂತ ದೊಡ್ಡ ನಿಜ. ಬೀಳುವವನೇ ಇದ್ದೆ. ಯಾರೋ ಹಿಂದಿನಿಂದ ಭುಜ ಮುಟ್ಟಿದರು. ರೇಷ್ಮೆ ತರಬೇತಿ ಕೇಂದ್ರದ ಅಧಿಕಾರಿ.

“ಸಾರ್, ಈ ಫೋಟೊ ನಮಗೆ ಬೇಕು. ದೊಡ್ಡದಾಗಿ ಮಾಡ್ಸಿ ನಮ್ಮ ತರಗತಿ ಗೋಡೆಗೆ ಹಾಕ್ತೀವಿ. ಬೆಳಕು ಬಿದ್ರೆ ಏನಾಗುತ್ತೆ ಅಂತ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಇಷ್ಟು ಸ್ಪಷ್ಟವಾಗಿ ಇದುವರೆಗೂ ಯಾರೂ ಮಾಡಿ ತೋರಿಸಿರಲಿಲ್ಲ. ಕೆಳಗೆ ನಿಮ್ಮ ಹೆಸರೂ ಹಾಕ್ತೀವಿ.”

“ಹೆಸರು ಬೇಡ ಸಾರ್,” ಎಂದೆ. “ಕಲೆ ಮುಖ್ಯ, ಕಲಾವಿದ ಮುಖ್ಯ ಅಲ್ಲ.”

ಅಷ್ಟು ಉದಾತ್ತವಾದ ಮಾತನ್ನು ನನ್ನ ಬಾಯಿಂದ ಕೇಳಿ ಮೇಷ್ಟ್ರು ತಲೆದೂಗಿದರು.

ಎರಡು ತಿಂಗಳ ಮೇಲೆ ರತ್ನಕ್ಕ ಆ ಕೇಂದ್ರದಲ್ಲಿ ಒಂದು ದಿನದ ತರಬೇತಿಗೆ ಹೊರಟರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಗೋಡೆಯ ಮೇಲೆ ಆಳೆತ್ತರದ ‘ವಲಸೆ’. ಹೆಸರು ಬದಲಾಗಿತ್ತು. ಮೇಲೆ ಕೆಂಪು ಅಕ್ಷರದಲ್ಲಿ ‘ಹೀಗೆ ಮಾಡಬಾರದು’ ಎಂದು ಬರೆದಿತ್ತು. ಪಾಠ ಹೇಳುವವರು ಕೋಲಿನಿಂದ ಅದನ್ನು ಕುಟ್ಟಿ ಕುಟ್ಟಿ ವಿವರಿಸಿದರು. ಕೂತಿದ್ದ ಮೂವತ್ತು ರೈತರೂ ಬಿದ್ದು ಬಿದ್ದು ನಕ್ಕರು. ರತ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಯಾರಿಗೂ ಅನುಮಾನ ಬರಬಾರದೆಂದು ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಪಕ್ಕದಲ್ಲಿದ್ದ ರೈತರೊಬ್ಬರು ಕಣ್ಣೊರೆಸಿಕೊಳ್ಳುತ್ತ ನನ್ನ ತೊಡೆ ತಟ್ಟಿದರು. “ಎಂಥೆಂಥೋರು ಇರ್ತಾರೆ ನೋಡಿ ಸಾರ್!”

“ಇರ್ತಾರೆ ಸಾರ್,” ಎಂದೆ, “ಇರ್ತಾರೆ.”