ಹತ್ತು ಬೆರಳಿನ ಒಪ್ಪಿಗೆ

ಕುಂಬಳಕಾಯಿ ಕಳ್ಳ ಎಂದರೆ ಬೆರಳು ಮುಟ್ಟಿ ನೋಡಿಕೊಂಡನಂತೆ. ‘ಹೆಗಲಲ್ಲವೇ?’ ಎಂದು ತಿದ್ದಲು ಬರಬೇಡಿ. ನಮ್ಮ ಮಾಲತೇಶನ ಮಟ್ಟಿಗೆ ಬೆರಳೇ ಸರಿ. ಕತೆಯೂ ಖರೇ ನಡೆದದ್ದೇ, ಬೇಕಾದರೆ ಯಲವಿಗಿ ಸ್ಟೇಶನ್ನಿನ ಕಲ್ಲುಬೆಂಚು ಮುಟ್ಟಿ ಆಣೆ.

ಚಿಕ್ಕೇರೂರಿನ ಮಾಲತೇಶ ಪಿಎಚ್.ಡಿ.ಗೆಂದು ಯಲವಿಗಿಗೆ ಬಂದು ಎಂಟು ತಿಂಗಳಾಗಿತ್ತು. ವಿಷಯ: ‘ಹಳ್ಳಿಗರ ಸಂಶಯ’. ರೊಟ್ಟಿ ಬಡಿಯುವ ಸಂಘದ ಹತ್ತು ಹೆಂಗಸರ ಮಾತನ್ನು ಡೈರಿ ತುಂಬ ಬರೆದುಕೊಂಡಿದ್ದ. ಆದರೆ ಪ್ರತಿಯೊಬ್ಬರ ಒಪ್ಪಿಗೆ ಪತ್ರವೂ ಬೇಕು. ಇಲ್ಲದಿದ್ದರೆ ಎಂಟು ತಿಂಗಳ ಬರಹವೆಲ್ಲ ರದ್ದಿ. ಅದನ್ನು ನೋಡಲು ಗೈಡ್ ಜಯಶ್ರೀ ಮೇಡಂ ಇಂದು ಬೆಳಗಿನ ರೈಲಿಗೇ ಬರುವವರಿದ್ದರು.

ನಿನ್ನೆ ಪತ್ರಗಳನ್ನೂ ಸ್ಟ್ಯಾಂಪ್ ಪ್ಯಾಡನ್ನೂ ಹಿಡಿದು ಹೋದರೆ, ಸಂಘದ ಹಿರಿಯಳು ತಿಪ್ಪವ್ವ ಪ್ಯಾಡಿನತ್ತ ಒಮ್ಮೆ ನೋಡಿ, “ಹೆಬ್ಬೆಟ್ಟ ನಾವು ಒತ್ತಂಗಿಲ್ಲ ನೋಡಪಾ” ಎಂದು ರೊಟ್ಟಿ ತಿರುವಿದ್ದಳು. ಉಳಿದ ಒಂಬತ್ತು ಮಂದಿಯದೂ ಅದೇ ರಾಗ. ಮಾಲತೇಶನಿಗೆ ಒಳಗೊಳಗೇ ಖುಷಿ. ‘ಕಾಗದದ ಬಗ್ಗೆ ಇವರ ಸಂಶಯಕ್ಕೆ ಅನಕ್ಷರತೆಯೇ ಮೂಲ’ ಎಂದು ಮೂರನೇ ಅಧ್ಯಾಯದಲ್ಲಿ ಬರೆದದ್ದು ನಿಜವಾಯಿತಲ್ಲ! ಬೆಳಗಾಗುವಷ್ಟರಲ್ಲಿ ಖುಷಿ ಇಳಿದು ಜ್ವರ ಏರಿತ್ತು.

‘ಮನಸ್ಸಿನಿಂದ ಒಪ್ಪಿದ್ದಾರೆ. ಬೆರಳು ಯಾರದಾದರೇನು?’ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡ. ಆ ಒಪ್ಪಿಗೆಗೆ ಪತ್ರ ಬೇಕಾಗಲಿಲ್ಲ. ಬಾಗಿಲು ಹಾಕಿ, ಹತ್ತು ಪತ್ರಕ್ಕೆ ತನ್ನ ಹತ್ತೂ ಬೆರಳು ಒತ್ತಿಬಿಟ್ಟ. ದೇವರು ಲೆಕ್ಕ ಹಾಕಿಯೇ ಬೆರಳು ಕೊಟ್ಟಿದ್ದಾನೆ ಅನ್ನಿಸಿತು.

ಮಸಿ ಮಾತ್ರ ಬೀಗರಂತೆ ಕೂತುಬಿಟ್ಟಿತು, ಹೋಗುವ ಮಾತೇ ಇಲ್ಲ.

ಚಹಾದಂಗಡಿಯ ಖಾದರಸಾಬ ಚಹಾ ಕೊಡುತ್ತ ಕಣ್ಣು ಕಿರಿದು ಮಾಡಿದ. “ಏನ್ರೀ ಇದು, ಹತ್ತೂ ಬೆರಳ ಮಸಿ? ಹತ್ತೂ ಬೆರಳ ಪೊಲೀಸರಷ್ಟ ತಗೋತಾರ!”

“ಪೆನ್ನು ಸೋರಿತ್ರಿ.”

“ಎಷ್ಟ ಪೆನ್ನು? ಹತ್ತ?”

ಪಕ್ಕದ ಮನೆಯ ಫಕ್ಕೀರಪ್ಪ ಬೆಂಚಿನಿಂದ ಎದ್ದೇ ನಿಂತ. “ನಾ ಮೊದ್ಲ ಹೇಳಿದ್ನಿಲ್ಲೋ ಸಾಬಾ? ಎಂಟು ತಿಂಗಳಿಂದ ಯಾರ ಮನ್ಯಾಗ ಎಷ್ಟ ಮಂದಿ, ಯಾವಾಗ ಮಲಗ್ತಾರ ಅಂತ ಬರಕೊಳ್ಳಾಕತ್ತಾನ. ಸುಮ್ನ ಬರಕೋತಾನೇನು?”

ಮಾಲತೇಶ ಕೈ ಕಿಸೆಗೆ ತುರುಕಿ ತಿಪ್ಪವ್ವನ ಮನೆಗೆ ಓಡಿದ. “ಅವ್ವಾ, ಈ ಮಸಿ ಹೆಂಗ ತಗೀಬೇಕು?”

ತಿಪ್ಪವ್ವ ಒಂದೊಂದೇ ಬೆರಳು ಹಿಡಿದು ನೋಡಿದಳು. ನಿಧಾನಕ್ಕೆ ಎಣಿಸಿದಂತಿತ್ತು. “ಅರಿಶಿಣ, ಸುಣ್ಣ ಕಲಸಿ ತಿಕ್ಕೋ ತಮ್ಮಾ. ಹಾಲಿನಂಗ ಆಗ್ತಾವ.”

ಅರಿಶಿಣಕ್ಕೆ ಸುಣ್ಣ ಬೆರೆತರೆ ಓಕುಳಿಯಾಗುತ್ತದೆಂದು ಹಾಲುಗಲ್ಲದ ಕೂಸಿಗೂ ಗೊತ್ತು. ಗಾಬರಿಯಲ್ಲಿದ್ದ ವಿದ್ವಾಂಸನಿಗೆ ನೆನಪಾದದ್ದು ತಿಕ್ಕಿದ ಮೇಲೆ. ಚಹಾದಂಗಡಿಯಲ್ಲಿ ಕಳ್ಳನಾಗಿದ್ದವನು ಈಗ ಕೊಲೆಗಾರನಂತೆ ಬೀದಿಗೆ ಬಿದ್ದ.

“ಯಾರನ್ನ ಮುಗಿಸಿ ಬಂದಿಲೇ!” ಎಂದು ಫಕ್ಕೀರಪ್ಪ ಬೆನ್ನು ಹತ್ತಿದ.

ಸ್ಟೇಶನ್ನಿನಲ್ಲಿ ಮಾಲತೇಶ ಕೈ ಹಿಂದೆ ಕಟ್ಟಿಕೊಂಡೇ ಮೇಡಂರನ್ನು ಸ್ವಾಗತಿಸಿದ. ಅವನ ಕಂಕುಳಿನಿಂದ ಪತ್ರ, ಅಧ್ಯಾಯಗಳ ಫೈಲನ್ನು ಮೇಡಂ ತಾವೇ ಎಳೆದುಕೊಂಡರು.

“ಹೆಂಗಸರ ಹೆಬ್ಬೆರಳು ಇಷ್ಟು ದೊಡ್ಡವೇನು?”

“ರೊಟ್ಟಿ ಬಡೀತಾರಲ್ರಿ ಮೇಡಂ.”

“ಇದ್ಯಾಕೆ ಇಷ್ಟು ಸಣ್ಣದು?”

“ಆಕಿ... ಚಪಾತಿ ಮಾಡಾಕಿರಿ.”

ಮೇಡಂ ಹೂಂ ಎಂದದ್ದು ನಂಬಿಕೆಯ ಹೂಂ ಆಗಿರಲಿಲ್ಲ. ಇಬ್ಬರೂ ಸಂಘಕ್ಕೆ ಬಂದಾಗ ಒಂಬತ್ತು ಗಂಟೆ. ಎಂಟು ತಿಂಗಳಲ್ಲಿ ಮಾಲತೇಶ ಹನ್ನೊಂದಕ್ಕೆ ಮುಂಚೆ ಅಲ್ಲಿಗೆ ಬಂದವನೇ ಅಲ್ಲ. ಹಾಗಾಗಿ ಗೋಡೆಗೆ ತೂಗುಹಾಕಿದ್ದ ಹಾಜರಿ ಪುಸ್ತಕ ಬೆಳಿಗ್ಗೆ ಏನು ಮಾಡುತ್ತದೆಂದು ನೋಡಿರಲಿಲ್ಲ. ತಿಪ್ಪವ್ವ ಅದನ್ನು ಇಳಿಸಿ, ದುಂಡಗೆ ಸಹಿ ಮಾಡಿದಳು. ಮಂಜವ್ವ ಇಂಗ್ಲಿಷಿನಲ್ಲಿ ಮಾಡಿ ಕೆಳಗೊಂದು ಗೆರೆಯನ್ನೂ ಎಳೆದಳು. ಹೀಗೆ ಹತ್ತೂ ಮಂದಿ.

ಮೇಡಂ ಪುಸ್ತಕ ನೋಡಿದರು, ಫೈಲು ನೋಡಿದರು. “ಮಾಲತೇಶ, ಕೈ ಮುಂದೆ ತಾ.”

ಕೆಂಪು ಬೆರಳು ಹತ್ತೂ ಹೊರಬಂದವು.

“ಹೆಬ್ಬೆಟ್ಟ ಒತ್ತಂಗಿಲ್ಲ ಅಂದಿದ್ವಿ ತಮ್ಮಾ,” ಎಂದಳು ತಿಪ್ಪವ್ವ. “ಹೆಬ್ಬೆಟ್ಟ ಬಿಟ್ಟು ಇಪ್ಪತ್ತು ವರ್ಷ ಆತು. ಸಹಿ ಮಾಡಂಗಿಲ್ಲ ಅಂದ್ವೇನು? ನೀ ಕೇಳೇ ಇಲ್ಲಲ್ಲೋ!”

ಬಾಗಿಲಲ್ಲಿ ಇಣುಕುತ್ತಿದ್ದ ಫಕ್ಕೀರಪ್ಪ ಖೊಕ್ಕೆಂದ. ತಿಪ್ಪವ್ವ ಖಾಲಿ ಪತ್ರವೊಂದನ್ನು ಮಾಲತೇಶನ ಮುಂದಿಟ್ಟಳು. “ಈ ಕತಿ ಇನ್ನ ಊರ ತುಂಬ ಹೇಳಾವ್ರು ನಾವು. ನಿನ್ನ ಒಪ್ಪಿಗಿ ಇಲ್ದ ಹೇಳಿದ್ರ ತಪ್ಪಾಗ್ತತಿ ನೋಡು.”

ಅವನು ಪೆನ್ನಿಗೆ ಕೈಹಾಕಿದ.

“ಪೆನ್ ಬ್ಯಾಡ. ಹೆಬ್ಬೆಟ್ಟ.”

ಒತ್ತಿದ. ಬೆರಳು ಇನ್ನೂ ಹಸಿಯಿತ್ತು, ಪ್ಯಾಡು ಬೇಕಾಗಲಿಲ್ಲ. ಸಂಘವೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಲತೇಶ. ಪಕ್ಕದಲ್ಲಿ ಮೇಡಂ ಹತ್ತು ಪತ್ರಗಳನ್ನೂ ಮೂರನೇ ಅಧ್ಯಾಯವನ್ನೂ ಹರಿಯುತ್ತಿದ್ದ ಸದ್ದು ತನಗೆ ಕೇಳಿಸದಷ್ಟು ಜೋರಾಗಿ.