ಒಂಬತ್ತನೆಯ ಗಿಟಾರು ಮತ್ತು ಅತ್ತೆಯವರ ಹಾಡು

ಅನಸೂಯಾ ರುದ್ರಪ್ಪ ಮುಳಗುಂದ ಓಲ್ವಾಲ್ ಎಂಬ ಪೂರ್ಣ ನಾಮಧೇಯದ, ಕಿಸುಮು ನಗರದ ಸರೋವರದಂಚಿನ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ನಾಲ್ಕು ತಿಂಗಳು ಗಣಿತ ಬೋಧಿಸಿ, ಆ ಅವಧಿಯಲ್ಲಿ ಒಂದೇ ಒಂದು ಬೆಳಿಗ್ಗೆ ತಡವಾಗಿ ಬಂದು (ಅಂದು ರಸ್ತೆಯ ನಡುವೆ ನೀರಾನೆ ನಿಂತಿತ್ತು, ಹಾಜರಿ ಪುಸ್ತಕದಲ್ಲಿ ಕಾರಣ ನಮೂದಾಗಿದೆ), ಸಕಲ ಗೌರವಗಳೊಂದಿಗೆ ನಿವೃತ್ತಳಾದ ನಾನು, ಅದೇ ನಗರದ ಅರಿಂಗೊ ವಾದ್ಯ ಭಂಡಾರದ ಮಾಲೀಕರೂ, ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನ ಎಡತುದಿಯ ಖಾಯಂ ನಿವಾಸಿಯೂ ಆಗಿದ್ದ ಶ್ರೀ ಝೆಡೆಕಾಯಾ ಅರಿಂಗೊ ಅವರಿಗೆ ಬರೆದುಕೊಳ್ಳುವುದೇನೆಂದರೆ:

ಮಾನ್ಯರೇ,

ತಮಗೂ, ತಮ್ಮ ಕುಟುಂಬಕ್ಕೂ, ತಮ್ಮ ಅಂಗಡಿಯ ಮುಂಭಾಗದ ಆ ದೊಡ್ಡ ಗಾಜಿಗೂ ನನ್ನ ನಮಸ್ಕಾರಗಳು. ಈ ಪತ್ರವನ್ನು ಕನ್ನಡದಲ್ಲಿ ಬರೆದು ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ನಾನು ಏನನ್ನು ಬರೆದರೂ ಅದು ಮುಖ್ಯೋಪಾಧ್ಯಾಯರಿಗೆ ಕೊಟ್ಟ ರಜೆಯ ಅರ್ಜಿಯಂತಾಗುತ್ತದೆ. ಲುವೊ ಭಾಷೆಯಲ್ಲಿ ಕೋಪಿಸಿಕೊಂಡರೆ ನೆರೆಹೊರೆಯವರು ಕುರ್ಚಿ ತಂದು ಹಾಕಿಕೊಂಡು ನಗುತ್ತಾರೆ. ಹೀಗಾಗಿ ಕನ್ನಡ ಶಾಲೆಯಲ್ಲಿ ಕಲಿತ ಹೆಂಗಸೊಬ್ಬಳಿಗೆ ತನ್ನ ಕೋಪವನ್ನು ಕರ್ತೃ, ಕರ್ಮ, ಕ್ರಿಯಾಪದಗಳ ಸಮೇತ ಮಂಡಿಸಲು ಉಳಿಯುವುದು ಇದೊಂದೇ ದಾರಿ. ಇಂಗ್ಲಿಷ್ ಪ್ರತಿಯನ್ನು ತಮ್ಮ ಕೈಗೆ ಪ್ರತ್ಯೇಕವಾಗಿ ತಲುಪಿಸಲಾಗುವುದು.

ತಮ್ಮ ಅಂಗಡಿಯ ಬಗ್ಗೆ ನನಗಿರುವ ಅಭಿಮಾನವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಯಜಮಾನರಾದ ಹೆಜ್ರಾನ್ ಓಲ್ವಾಲ್ ಅವರು ಅಂಚೆ ಇಲಾಖೆಯಲ್ಲಿದ್ದಷ್ಟು ಕಾಲವೂ ಒಂದೇ ಗಿಟಾರಿನಲ್ಲಿ ಈ ಸೀಮೆಯ ಬೆಂಗಾ ಸಂಗೀತ ನುಡಿಸಿದವರು. ಸರೋವರದ ಸುತ್ತಲಿನ ಹಳ್ಳಿಗಳಲ್ಲಿ ಅವರ ಗಿಟಾರಿಲ್ಲದೆ ಮದುವೆಯಾದವರೂ ಕಡಿಮೆ, ಮಣ್ಣಾದವರೂ ಕಡಿಮೆ. ಅಂಥವರು ನಿವೃತ್ತಿಯ ಮರುವಾರ ಮೀನು ತರಲೆಂದು ಹೊರಟು, ತಮ್ಮ ಗಾಜಿನ ಮುಂದೆ ಒಂದು ಗಳಿಗೆ ನಿಂತು, ಮೀನನ್ನು ಮರೆತು ಗಿಟಾರು ತಂದರು. ಕುತೂಹಲದಿಂದ ನಾನೇ ಮರುದಿನ ಕೋನಮಾಪಕದೊಂದಿಗೆ ಬಂದು ನೋಡಿದೆ. ತಾವು ಆ ಗಾಜಿನ ಹಿಂದೆ ಗಿಟಾರುಗಳನ್ನು ನಿಲ್ಲಿಸಿರುವುದು ಸರಿಯಾಗಿ ಅರವತ್ತೆರಡು ಡಿಗ್ರಿಯಲ್ಲಿ. ಸಂಜೆ ಐದೂವರೆಯ ಬಿಸಿಲು ಸರೋವರದ ಕಡೆಯಿಂದ ಬಂದು ಅವುಗಳ ಹೊಟ್ಟೆಗೆ ಬಡಿದು, ನೇರವಾಗಿ ನಿವೃತ್ತ ಅಂಚೆ ನೌಕರರ ಕಣ್ಣಿಗೆ ತಲುಪುವ ಕೋನವದು. ಮೂರನೇ ಫಾರಂನಲ್ಲಿ ತ್ರಿಕೋನಮಿತಿಯ ಪರೀಕ್ಷೆಯಲ್ಲಿ ತಮ್ಮ ಹೆಸರನ್ನಷ್ಟೇ ಸರಿಯಾಗಿ ಬರೆದಿದ್ದ ತಾವು, ಇಷ್ಟು ವರ್ಷಗಳ ನಂತರವಾದರೂ ಆ ಪಾಠವನ್ನು ಜೀವನಕ್ಕೆ ಅಳವಡಿಸಿಕೊಂಡಿರುವುದು ಒಬ್ಬ ಶಿಕ್ಷಕಿಗೆ ಎಂಥ ಸಾರ್ಥಕ್ಯ!

ಆಮೇಲಿನದು ತಮಗೆ ಗೊತ್ತಿರುವುದೇ. ಎರಡನೆಯದು ಬಂತು, ಮೂರನೆಯದು ಬಂತು. ಪ್ರತಿ ಸಾರಿಯೂ ನಮ್ಮವರು ಬಿಳಿ ಹಾಳೆಯಲ್ಲಿ "ಇದೇ ಕಡೆಯದು" ಎಂದು ಬರೆದು ಸಹಿ ಮಾಡಿ ಕೊಟ್ಟರು. ನಾಲ್ಕನೆಯದು ಬಂದಾಗ ಹಾಳೆ ಸಾಲದೆ ಯುಕ್ತಿಗೆ ಇಳಿದರು. ಕೆಂಪಂಚಿನ ಹಳದಿ ಬಣ್ಣದ, ಒಂದನ್ನೊಂದು ಹೋಲುವ ಮೂರು ಗಿಟಾರುಗಳನ್ನು ತಮ್ಮಿಂದ ಒಂದೊಂದಾಗಿ ತಂದು, ಒಂದು ಸಮಯಕ್ಕೆ ಒಂದು ಮಾತ್ರ ನನ್ನ ಕಣ್ಣಿಗೆ ಬೀಳುವಂತೆ ಮನೆಯೊಳಗೆ ಸಾಗಿಸುತ್ತಿದ್ದರು. ಮೂವತ್ತಮೂರು ವರ್ಷ ದಿನಕ್ಕೆರಡು ಸಲ ಹಾಜರಿ ಕರೆದವಳ ಕಣ್ಣನ್ನು ಹೀಗೆ ತಪ್ಪಿಸಬಹುದೆಂದು ಅವರು ಎಣಿಸಿದ್ದರಲ್ಲ, ನನಗೆ ಹೆಚ್ಚು ನೋವಾದದ್ದು ಅದರಿಂದ. ಈಸ್ಟರ್ ಹಬ್ಬಕ್ಕೆ ಮನೆ ತೊಳೆಯುವಾಗ ಮೂರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕರೆದು ಕೇಳಿದೆ. ಅವರ ಉತ್ತರವನ್ನು ನಮ್ಮ ಗದಗಿನ ಕಡೆಯ ಆಡುಮಾತಿನಲ್ಲಿಯೇ ಕೊಡುತ್ತೇನೆ, ಬೇರಾವ ಕನ್ನಡವೂ ಆ ಮುಖಕ್ಕೆ ಹೊಂದುವುದಿಲ್ಲ: "ಹೊಸಾವಲ್ಲ ಮ್ವಾಲಿಮು, ಇವು ಮದಲಿಂದಾನೂ ನಮ್ಮವs, ಮ್ವಾಲಿಮು. ಬರ್ನಾಬನ ಮನ್ಯಾಗ ನಿದ್ದಿ ಮಾಡಾಕತ್ತಿದ್ವು, ಎಬ್ಬಿಸಿ ಕರಕೊಂಡು ಬಂದೀನಿ, ಅಷ್ಟs." ಬರ್ನಾಬ ಎಂದರೆ ಅವರ ಹಳ್ಳಿಯ ನೆರೆಮನೆಯವ. ಮನೆಯಲ್ಲಿಯೂ ಅವರು ನನ್ನನ್ನು ಮ್ವಾಲಿಮು, ಅಂದರೆ ಟೀಚರಮ್ಮ ಎಂದೇ ಕರೆಯುವುದು, ಸುಳ್ಳು ಹೇಳುವಾಗ ಎರಡೆರಡು ಸಲ ಕರೆಯುತ್ತಾರೆ.

ಏಳನೆಯ ಗಿಟಾರು ಒಣಮೀನಿನ ಗೋಣಿಚೀಲದಲ್ಲಿ ಬಂತು. ಆ ವೇಷ ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದ ಮನೆಯ ಬೆಕ್ಕು ಒಂಬತ್ತು ದಿನ ಅದರ ಮುಂದೆ ಕುಳಿತಿತ್ತು. ಸರೋವರದ ತೇವ ಕಟ್ಟಿಗೆಗೆ ಆಗಿಬರುವುದಿಲ್ಲವೆಂದೂ, ಸಂಜೆಯ ಹುಳುಗಳ ಮೋಡ ತಂತಿಗೆ ಮುತ್ತುವುದೆಂದೂ ಹೇಳಿ ಎಂಟನೆಯದನ್ನು ಅತಿಥಿಗಳ ಮಂಚದ ಮೇಲೆ ಸೊಳ್ಳೆಪರದೆಯೊಳಗೆ ಮಲಗಿಸಿದರು. ಕಳೆದ ತಿಂಗಳು ಬಂದ ನನ್ನ ತಂಗಿ ಪರದೆಯ ಹೊರಗೆ ಮಲಗಿ, ಮಲೇರಿಯಾದ ಮಾತ್ರೆಯೊಂದಿಗೆ ಊರಿಗೆ ಮರಳಿದಳು. ಇದರ ಜೊತೆಗೆ ಕಾಲಿನಿಂದ ಒತ್ತುವ ಆ ಪುಟ್ಟ ಪೆಟ್ಟಿಗೆಗಳು. ಒಂದನ್ನು ಒತ್ತಿದರೆ ಇಗರ್ಜಿಯೊಳಗೆ ನುಡಿಸಿದಂತೆ, ಇನ್ನೊಂದನ್ನು ಒತ್ತಿದರೆ ನೀರಿನೊಳಗೆ ನುಡಿಸಿದಂತೆ ಕೇಳಿಸುತ್ತದಂತೆ. ನಮ್ಮ ಬೀದಿಯ ಈ ತುದಿಗೆ ಇಗರ್ಜಿ, ಆ ತುದಿಗೆ ಸರೋವರ ಇರುವಾಗ ಇವನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಲು ತಮಗೆ ಹೊಳೆದದ್ದಾದರೂ ಹೇಗೆ ಎಂದು ನಾನು ಬೆರಗಾಗಿದ್ದೇನೆ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ನನ್ನ ದೂರು ಇರುವುದು ಅತ್ತೆಯವರ ವಿಷಯದಲ್ಲಿ.

ಅತ್ತೆ ಡೋರ್ಕಾ ಅವರಿಗೆ ತೊಂಬತ್ತೊಂದು ವರ್ಷ. ಗೆಮ್ ಊರಿನ ಮಗಳಾದ್ದರಿಂದ ಮದುವೆಯಾಗಿ ಬಂದ ಸೆಮೆಯ ಹಳ್ಳಿಯಲ್ಲಿ ಎಲ್ಲರೂ ಅವರನ್ನು ನ್ಯಾರ್ ಗೆಮ್ ಎನ್ನುತ್ತಾರೆ. ಅದೇ ಲೆಕ್ಕದಲ್ಲಿ ನಾನು ನ್ಯಾರ್ ಇಂಡಿಯಾ. ಯಾರಾದರೂ ತೀರಿಕೊಂಡರೆ ಅವರ ಹೆಸರು, ಕುಲ, ಗುಣಗಳನ್ನೆಲ್ಲ ಹೆಣೆದು ಹಾಡು ಕಟ್ಟಿ ನುಡಿಸುವುದು ನಮ್ಮವರ ಹಳೆಯ ಕಾಯಕ. ಎರಡೂವರೆ ವರ್ಷದ ಹಿಂದೆ ಅತ್ತೆಯವರು ಮಗನನ್ನು ಎದುರಿಗೆ ಕೂರಿಸಿಕೊಂಡು ಹೀಗೆಂದರು: "ಊರ ಮಂದಿ ಸತ್ತಾಗೆಲ್ಲಾ ಹಾಡೀದಿ. ನನ್ನ ಹಾಡು ನಾ ಹ್ವಾದ ಮ್ಯಾಲೆ ಹಾಡಾಂವೇನು? ಆವಾಗ ಕೇಳಾವ್ರು ಯಾರು, ಆಡುಗೋಳೇನು? ಕಿವಿ ಇದ್ದಾಗs ಹಾಡೋ, ಮಗನ." ಅವರ ಎಡಗಿವಿ ಆಗಲೇ ಮುಚ್ಚಿತ್ತು. ಬಲಗಿವಿಯೂ ಬಹಳ ಕಾಲ ಉಳಿಯಲಾರದೆಂದು ಡಾಕ್ಟರು ಹೇಳಿದ್ದರು. ನಮ್ಮವರು ತಲೆಯಾಡಿಸಿ ಒಪ್ಪಿದರು.

ಒಪ್ಪಿದವರು ಹಾಡಿದರೇ? ಮೊದಲ ಸಾಲಿಗೆ ಬೇಕಾದ ನಾದ ಹಳೆಯ ಗಿಟಾರಿನಲ್ಲಿಲ್ಲವೆಂದು ಹೊಸದು ತಂದರು. ಹೊಸದರ ನಾದಕ್ಕೆ ಬಟ್ಟಲುಗಣ್ಣಿನ ಆ ದೊಡ್ಡ ಧ್ವನಿಪೆಟ್ಟಿಗೆ ಬೇಕಾಯಿತು. ಧ್ವನಿಪೆಟ್ಟಿಗೆಗೆ ತಕ್ಕ ಗಿಟಾರು ಬೇಕಾಯಿತು. ಪ್ರತಿಯೊಂದರ ಕೈಹಿಡಿತ ಕಲಿಯಲು ಎರಡು ತಿಂಗಳು, ಕಲಿತ ಮೇಲೆ ಇದಲ್ಲವೆಂದು ತಿಳಿಯಲು ಒಂದು ತಿಂಗಳು. ಅತ್ತ ಬಲಗಿವಿ ಮಂದವಾಗುತ್ತ ಹೋಯಿತು. ಮುದುಕಿಯೊಬ್ಬಳ ಕಿವಿಗೂ ತಮ್ಮ ಅಂಗಡಿಗೂ ನಡುವೆ ಓಟದ ಪಂದ್ಯ ನಡೆದಿದ್ದು, ತಾವು ಗೆಲ್ಲುತ್ತಿದ್ದೀರೆಂದು ನನಗೆ ಸ್ಪಷ್ಟವಾಗಿತ್ತು.

ಆದ್ದರಿಂದಲೇ ಜುಲೈ ತಿಂಗಳಲ್ಲಿ ಈ ಪತ್ರದ ಮೊದಲ ಕರಡನ್ನು ಬರೆದಾಗ ತಮ್ಮಲ್ಲಿ ಮೂರು ಬೇಡಿಕೆಗಳನ್ನಿಟ್ಟಿದ್ದೆ. ಐದೂವರೆಯ ಹೊತ್ತಿಗೆ ಸೂರ್ಯನು ಬೇರೆ ಬೀದಿಯಲ್ಲಿ ಮುಳುಗುವಂತೆ ತಾವು ಏರ್ಪಾಡು ಮಾಡಬೇಕು. ಗಿಟಾರು ಕೊಳ್ಳಬಂದ ಅರವತ್ತು ಮೀರಿದ ಗಂಡಸರಿಗೆ ಹಿಂದಿನ ಗಿಟಾರಿನ ಮೇಲೆ ಮೂರು ಗಂಟೆಯ ಲಿಖಿತ ಪರೀಕ್ಷೆ ನಡೆಸಿ, ತೇರ್ಗಡೆಯಾದವರ ಹೆಂಡಂದಿರಿಗೆ ಮಾತ್ರ ಮಾರಬೇಕು. ಅದೂ ಆಗದಿದ್ದರೆ ಸಾರಿನ ಸೌಟಿಗಿಂತ ದೊಡ್ಡದಲ್ಲದ, ಸೌಟಾಗಿಯೂ ಬಳಕೆಗೆ ಬರುವ ಗಿಟಾರನ್ನು ತಾವು ಆವಿಷ್ಕರಿಸಬೇಕು. ಕರಡನ್ನು ತಿದ್ದಿ ನಕಲು ಮಾಡುವಷ್ಟರಲ್ಲಿ ಆಗಸ್ಟ್ ಬಂತು, ಒಂಬತ್ತನೆಯದೂ ಬಂತು, ಅತ್ತೆಯವರಿಂದ ಕಟ್ಟಪ್ಪಣೆಯೂ ಬಂತು: ಈ ಶನಿವಾರ ಹಾಡತಕ್ಕದ್ದು.

ಒಂಬತ್ತೂ ಗಿಟಾರುಗಳನ್ನು, ಧ್ವನಿಪೆಟ್ಟಿಗೆಯನ್ನು, ಕಾಲೊತ್ತಿನ ಪೆಟ್ಟಿಗೆಗಳನ್ನು ಮಟಾಟು ಎಂಬ ಬಾಡಿಗೆ ವ್ಯಾನಿನ ನೆತ್ತಿಯ ಮೇಲೆ ಹೇರಿಕೊಂಡು ಸೆಮೆಗೆ ಹೋದೆವು. ಅಂಗಳದ ಮರದಡಿ ನಲವತ್ತು ಜನ ನೆರೆದಿದ್ದರು. ಅತ್ತೆಯವರು ಹೊಸ ತಲೆವಸ್ತ್ರ ಕಟ್ಟಿಕೊಂಡು, ಬಲಗಿವಿಯನ್ನು ಗಿಟಾರಿನ ಕಡೆಗೆ ತಿರುಗಿಸಿ ಕುಳಿತರು. ನಮ್ಮವರು ನುಡಿಸತೊಡಗಿದರು. ಮಾನ್ಯರೇ, ಸತ್ಯವನ್ನು ಮುಚ್ಚಿಡಲಾರೆ, ಆ ಮೊದಲ ಸಾಲು ಬಹಳ ಚೆನ್ನಾಗಿತ್ತು.

ಎರಡನೆಯ ಸಾಲಿಗೆ ಅತ್ತೆಯವರು ಕೋಲೆತ್ತಿದರು. ನಮ್ಮಲ್ಲಿಯ ಪದ್ಧತಿ ತಾವು ಬಲ್ಲಿರಿ: ಹಾಡು ನಡೆದಿರುವಾಗ ಯಾರಾದರೂ ಬಂದು ವಾದ್ಯದ ಮುಂದೆ ನಾಣ್ಯವಿಟ್ಟರೆ ಸಂಗೀತ ನಿಲ್ಲಬೇಕು, ಇಟ್ಟವರು ತಮ್ಮನ್ನು ತಾವು ಮನಸಾರೆ ಹೊಗಳಿಕೊಳ್ಳಬೇಕು, ಅದು ಮುಗಿದ ಮೇಲೆ ಹಾಡು ಮುಂದುವರಿಯಬೇಕು. ಅತ್ತೆಯವರು ಮಡಿಲಿನಿಂದ ನಾಣ್ಯ ತೆಗೆದು ಎಸೆದರು. "ನಿಂದರಸು! ನಾ ಗೆಮ್ ಊರ ಮಗಳು. ನಾ ನಕ್ಕರ ಸರೋವರದಾಗಿನ ಮೀನ ದಂಡಿಗೆ ಬರತಿದ್ದು. ನನ್ನ ಮದಿವಿಗೆ ಬಂದ ಎತ್ತಿನ ಕ್ವಾಡು ನೋಡಿ ಮೂರು ಊರಿನ ಹುಡಿಗ್ಯಾರು ಉಣ್ಣೂದು ಬಿಟ್ಟಿದ್ರು. ಹೂಂ, ಬಾರಸು. ಮದಲಿಂದ." ಮೊದಲಿನಿಂದ ಎಂಬುದು ಪದ್ಧತಿಯಲ್ಲಿಲ್ಲ, ಅದು ಅತ್ತೆಯವರ ಸ್ವಂತ ತಿದ್ದುಪಡಿ.

ಮತ್ತೆ ಮೊದಲ ಸಾಲು. ಮತ್ತೆ ಕೋಲು, ಮತ್ತೆ ನಾಣ್ಯ. "ನಿಂದರಸು! ಏಳು ಹಡದೀನಿ, ಏಳನ್ನೂ ಎತ್ತರ ಮಾಡೀನಿ. ಸಮುದ್ರಾ ದಾಟಿ ಬಂದ ಸೊಸಿ ಅದಾಳ ನನಗ. ಜಗತ್ತಿನ ಲೆಕ್ಕಾ ಎಲ್ಲಾ ಬಲ್ಲಾಕಿ, ಗಂಟಿಲ್ಲದ ಉಗಾಲಿ ಮುದ್ದಿ ತಿರುವಾಕ ಮಾತ್ರ ಇನ್ನೂ ಬರವಲ್ದು." ಇದು ಆತ್ಮಪ್ರಶಂಸೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ನಾನು ಎದ್ದು ನಿಂತು ಆಕ್ಷೇಪಿಸಿದೆ, ಸಭೆಯ ನಗುವಿನಲ್ಲಿ ಅದು ದಾಖಲಾಗಲಿಲ್ಲ. ಐದನೆಯ ಸಲ ನಿಲ್ಲಿಸಿದಾಗ ನೆರೆಮನೆಯ ಬರ್ನಾಬ ತಾಳ್ಮೆಗೆಟ್ಟು ಕೂಗಿದ: "ಅವ್ವಾ, ಹಾಡು ಇನ್ನೂ ಹೊಸ್ತಿಲಾ ದಾಟವಲ್ದು!" ಅತ್ತೆಯವರು ತಿರುಗಿಯೂ ನೋಡದೆ, "ನಾನೂ ದಾಟಿಲ್ಲ, ಕುಂಡರೋ," ಎಂದರು.

ಏಳನೆಯ ಸಲ ಅವರು ನಾಣ್ಯ ಇಡಲಿಲ್ಲ. ಎದ್ದು ನಿಂತು ಸೆರಗು ಕೊಡವಿ ತೀರ್ಪು ಕೊಟ್ಟರು: "ಈ ಗಿಟಾರು ತೆಳ್ಳಗಾತು, ನೀರು ಹೆಚ್ಚಾದ ಗಂಜಿ ಆದ್ಹಂಗ. ಹನ್ನೆರಡು ತಂತೀದು ಅಂತ ಒಂದು ಇರತೈತಂತಲ್ಲ, ಅದನ್ನ ತಾ. ಉಳದದ್ದು ಆವಾಗ ಕೇಳತೀನಿ. ಅಲ್ಲೀತನಕಾ ನಾ ಎಲ್ಲೂ ಹೋಗೂದಿಲ್ಲ." ನಾನು ನಮ್ಮವರ ಮುಖ ನೋಡಿದೆ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗರ ಮುಖವನ್ನು ನಾನು ಬೇಕಾದಷ್ಟು ಕಂಡವಳು. ಇಷ್ಟು ಸಂತೋಷವನ್ನು ಎಲ್ಲಿಯೂ ಕಂಡಿರಲಿಲ್ಲ.

ಮರಳುವಾಗ ಮಟಾಟುವಿನಲ್ಲಿ ಅವರ ಮಡಿಲಲ್ಲೊಂದು, ನನ್ನ ಮಡಿಲಲ್ಲೊಂದು ಗಿಟಾರು. ನಾನು ನೇರವಾಗಿಯೇ ಕೇಳಿದೆ: "ಖರೇ ಹೇಳ್ರಿ, ಈ ಹಾಡು ಯಾವಾಗ ಮುಗದೈತಿ?" "ಎರಡು ವರ್ಷಾತು, ಮ್ವಾಲಿಮು." ಈ ಸಲ ಒಂದೇ ಬಾರಿ ಕರೆದರು. "ಕಡೀ ಚರಣಾನೂ ಬರದಿಟ್ಟೀನಿ. ಅಪ್ಪಗ ಹಿಂಗs ಹಾಡಿದ್ದೆ. ಪೂರಾ ಕೇಳಿದ, ಚಲೋ ಆತು ಅಂದ, ಎದ್ದು ಒಳಗ ಹ್ವಾದ. ಎಂಟು ದಿನಕ್ಕ ನಾವs ಹೆಗಲ ಮ್ಯಾಲೆ ಹೊರಗ ತಂದಿವಿ." ಆಮೇಲೆ ದನಿ ತಗ್ಗಿಸಿ, "ಹನ್ನೆರಡು ತಂತೀದು ಝೆಡೆಕಾಯಾನ ಅಂಗಡ್ಯಾಗ ಐತಿ. ಹಿಂದಿನ ಗ್ವಾಡಿಗೆ, ಎಡಕ್ಕ," ಎಂದರು.

ಮಾನ್ಯರೇ, ಅರ್ಧಕ್ಕೆ ಬಿಟ್ಟ ಉತ್ತರಕ್ಕೆ ನಾನು ನನ್ನ ಸೇವಾವಧಿಯಲ್ಲಿ ಒಂದೇ ಒಂದು ಅಂಕ ಕೊಟ್ಟವಳಲ್ಲ. ಆದರೂ ಮೇಲಿನ ಮೂರೂ ಬೇಡಿಕೆಗಳನ್ನು ಈ ಮೂಲಕ ಹಿಂತೆಗೆದುಕೊಂಡು, ಅವುಗಳ ಸ್ಥಾನದಲ್ಲಿ ಕೆಳಗಿನದನ್ನು ಸಲ್ಲಿಸುತ್ತಿದ್ದೇನೆ. ತಾವು ಆ ಹನ್ನೆರಡು ತಂತಿಯ ಗಿಟಾರನ್ನು ಬೇರೆ ಯಾರಿಗೂ ಮಾರದೆ ಕಾದಿರಿಸಬೇಕು; ಆದರೆ ಅದರ ಒಂದು ಬಿರಡೆ ಮೊಂಬಾಸಾ ಬಂದರಿಗೆ ಬರಬೇಕಾಗಿದೆಯೆಂದೂ, ಹಡಗು ತಡವಾಗಿದೆಯೆಂದೂ ನಮ್ಮವರಿಗೆ ತಿಳಿಸುತ್ತಿರಬೇಕು. ಹಡಗು ಎಂದಾದರೂ ಬಂದೇಬಿಟ್ಟರೆ, ಅಷ್ಟು ತಂತಿಗಳ ನಾದಕ್ಕೆ ಈಗಿರುವ ಧ್ವನಿಪೆಟ್ಟಿಗೆ ಸಾಲದೆಂದು ಗಂಭೀರವಾಗಿ ತಲೆಯಾಡಿಸಬೇಕು. ಅದೂ ಆದ ಮೇಲೆ ಎರಡು ಕತ್ತಿನ ಗಿಟಾರೆಂಬುದಿದೆಯಂತೆ, ಅದರ ಚಿತ್ರವನ್ನು ಅವರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಮರೆತಿಡಬೇಕು. ಇದರಿಂದ ನನ್ನ ಮನೆಯಲ್ಲಿ ಕಾಲಿಡಲು ಜಾಗ ಉಳಿಯದು, ಅದನ್ನು ಬಲ್ಲೆ. ನಾವು ಅಂಗಳದಲ್ಲಿ ಅಡುಗೆ ಮಾಡಿಕೊಳ್ಳುತ್ತೇವೆ. ಒಂದು ಮಾತನ್ನು ಮಾತ್ರ, ಅತ್ತೆಯವರ ಬಲಗಿವಿ ಕೇಳುತ್ತಿರುವವರೆಗೂ, ತಾವು ನಮ್ಮವರಿಗೆ ಅಪ್ಪಿತಪ್ಪಿಯೂ ಹೇಳಕೂಡದು: ಅಂಗಡಿಯಲ್ಲಿ ಇನ್ನು ಅವರು ಕೊಳ್ಳುವಂಥದ್ದು ಏನೂ ಉಳಿದಿಲ್ಲ ಎಂದು.

ತಮ್ಮ ಮೇಲಿನ ವಿಶ್ವಾಸವನ್ನು ಅನಿವಾರ್ಯವಾಗಿ ಮರಳಿ ಪಡೆದಿರುವ,
ಅನಸೂಯಾ ರು. ಮುಳಗುಂದ ಓಲ್ವಾಲ್

ತಾ.ಕ.: ಬರುವ ಗುರುವಾರ ಅತ್ತೆಯವರು ಗಿಟಾರನ್ನು ಖುದ್ದಾಗಿ ಪರೀಕ್ಷಿಸಲು ತಮ್ಮಲ್ಲಿಗೆ ಬರುವವರಿದ್ದಾರೆ. ಆತ್ಮಪ್ರಶಂಸೆಯನ್ನು ಅವರು ನಾಣ್ಯವಿಡದೆಯೇ ಆರಂಭಿಸುವ ಸಂಭವವಿದ್ದು, ಅದು ಮಧ್ಯಾಹ್ನ ದಾಟಬಹುದು. ತಾವು ನಡುವೆ ಬಾಯಿ ಹಾಕದೆ, ನನ್ನ ಪಾಠದ ವೇಳೆ ತೋರುತ್ತಿದ್ದ ಆ ಶೂನ್ಯ ದೃಷ್ಟಿಯನ್ನೇ ತೋರುತ್ತ ನಿಂತಿದ್ದರೆ ಸಾಕು. ಆ ಒಂದು ವಿದ್ಯೆಯಲ್ಲಿ ತಮಗೆ ಪೂರ್ಣಾಂಕ ಕೊಡಲು ನನಗೆ ಎಂದೂ ಸಂಕೋಚವಿರಲಿಲ್ಲ.

ಲಗತ್ತುಗಳು:
೧. "ಇದೇ ಕಡೆಯದು" ಎಂಬ ಮುಚ್ಚಳಿಕೆ, ಯಜಮಾನರ ಸಹಿಯುಳ್ಳದ್ದು, ಬೇರೆ ಬೇರೆ ದಿನಾಂಕಗಳ ಮೂರು ಪ್ರತಿ.
೨. ಗಿಟಾರುಗಳು ಹೆಚ್ಚಿದಂತೆ ನುಡಿಸಿದ ನಿಮಿಷಗಳು ಇಳಿದದ್ದನ್ನು ತೋರಿಸುವ ನಕ್ಷೆ, ಚೌಕುಳಿ ಹಾಳೆಯಲ್ಲಿ, ಅಕ್ಷಗಳ ಹೆಸರು ಸಹಿತ.
೩. ಅತ್ತೆಯವರ ಬಲಗಿವಿಯ ಬಗ್ಗೆ ಡಾಕ್ಟರರ ಪ್ರಮಾಣಪತ್ರ.
೪. ಅತ್ತೆಯವರ ಹಾಡಿನ ಸಾಹಿತ್ಯ, ಎರಡು ಹಾಳೆ. ಕಡೆಯ ಚರಣವಿರುವ ಮೂರನೆಯ ಹಾಳೆ ನನ್ನ ಟ್ರಂಕಿನಲ್ಲಿದೆ. ಬೀಗದ ಕೈ ಎಲ್ಲಿದೆಯೆಂದು ಯಜಮಾನರು ಕೇಳಿಲ್ಲ, ನಾನೂ ಹೇಳಿಲ್ಲ.