ಗಡಿಯಾರ ಬರೂತನಕ ಮನ್ಯಾಗ ಕುಂದ್ರಬೇಕಂತ!

ಹೊಸ ಸಾಮಾನು ಪ್ಯಾಟಿಗೆ ಬರೂಕಿಂತ ಮೊದಲ ಅದರ ಸುದ್ದಿ ಬರ್ತೈತಿ. ಆ ಸುದ್ದಿ ನಮ್ಮ ಮನಿ ಹೊಸ್ತಿಲಾ ದಾಟಿತಂದ್ರ ತಿರುಗಿ ಹೋಗೋದ ಇಲ್ಲ. ಚಾ ಕುಡಿಯಾಗೂ ಅದ, ರೊಟ್ಟಿ ತಿನ್ನಾಗೂ ಅದ. ಹಿಂಗಾಗಿ ನಮ್ಮ ಮನ್ಯಾಗ ನಗಿಗೆ ಯಾವತ್ತೂ ಬರಗಾಲ ಬಂದಿಲ್ಲ. ನನಗ ಓದಾಕ ಬರಿಯಾಕ ಬರಂಗಿಲ್ಲ. ನಾ ಹೇಳಾಕತ್ತೇನಿ, ಸೊಸಿ ಬರಕೊಳ್ಳಾಕತ್ತಾಳ. ತನ್ನ ಗಂಡನ ಮಾತು ಬಂದಲ್ಲೆಲ್ಲಾ ಆಕಿ ಪೆನ್ನು ಕೆಳಗಿಟ್ಟು ನಗತಾಳ. ಅದಕ್ಕ ಇಷ್ಟು ಬರಿಯಾಕ ಮೂರು ದಿನ ಹಿಡದೈತಿ.

ನಾವು ಹಾವೇರಿ ಹತ್ರದ ಅಗಡಿಯವ್ರು. ಸುಗ್ಗಿ ಬಂತಂದ್ರ ನಾ ಬ್ಯಾಡಗಿ ಮಾರ್ಕೆಟ್ ಯಾರ್ಡಿಗೆ ಹೋಗಿ ಒಣಮೆಣಸಿನಕಾಯಿ ತೊಟ್ಟು ಬಿಡಸ್ತೇನಿ. ಮೂವತ್ತು ವರ್ಷದ ಮ್ಯಾಲಾತು. ಹೊಟ್ಟಿಪಾಡಿಗೆ ಅಂತ ಸುರು ಆದದ್ದು. ಈಗ ಮಗ ಹಾವೇರ್ಯಾಗ ಗೊಬ್ಬರದ ಅಂಗಡಿ ಇಟ್ಟಾನ, ಹೊಟ್ಟಿಗೇನೂ ಕಮ್ಮಿ ಇಲ್ಲ. ಆದ್ರ ಅಲ್ಲಿ ಹೆಂಗಸ್ರ ನಡುವ ಕುಂತು ಮಾತಾಡ್ಕೋಂತ ಕೈ ಆಡ್ಸಿದ್ರ ನನಗ ಹೊತ್ತು ಹೋಗೋದ ತಿಳಿಯಂಗಿಲ್ಲ. ಮನ್ಯಾಗ ಕುಂತ್ರ ಅದ ಹೊತ್ತು ನನ್ನ ಹೆಗಲ ಮ್ಯಾಲ ಬಂದು ಕುಂದರತೈತಿ.

ಹ್ವಾದ ಸುಗ್ಗ್ಯಾಗ ಬಸ್ಸಿಂದ ಇಳಿಯಾಗ ಕಾಲು ಜಾರಿ ಮೊಣಕಾಲಿಗೆ ಪೆಟ್ಟಾತು. ನಾಕು ದಿನ ಯಾರಿಗೂ ಹೇಳ್ದ ಅಡ್ಡಾಡಿದೆ. ಐದನೇ ದಿನ ಮಗ ನೋಡಿದ. ಅಲ್ಲಿಂದ ಸುರು ಆತು ಈ ಗಡಿಯಾರದ ಕಾಟ.

ಬಿದ್ದ ಮ್ಯಾಲ ಹೇಳೋ ಗಡಿಯಾರ

ಒಂದಿನ ಮಗ ಫೋನ್ ಹಿಡಕೊಂಡು ಬಂದು ನನ್ನ ಮುಂದ ಕುಂತ. ಫೋನಿನ್ಯಾಗ ಒಂದು ಕರೇ ಗಡಿಯಾರ ತಿರುಗಾಕತ್ತಿತ್ತು.

"ಅವ್ವಾ, ಇದು ಇನ್ನೂ ಬಂದಿಲ್ಲ. ಬರೋ ತಿಂಗಳ ಬರ್ತೈತಂತ. ಕೈಗೆ ಕಟಗೊಂಡ್ರ ನೀ ಎಲ್ಲಿ ಅದಿ ಅಂತ ನನಗ ಅಂಗಡ್ಯಾಗ ಕುಂತಲ್ಲೆ ಕಾಣತೈತಿ. ಎದಿ ಬಡಿತ ಎಣಿಸ್ತೈತಿ. ನೀ ಬಿದ್ರ ತಾನ ನನಗ ಫೋನ್ ಮಾಡ್ತೈತಿ."

"ಬೀಳದಂಗ ಹಿಡೀತೈತೇನು?"

"ಹಿಡಿಯಂಗಿಲ್ಲ. ಬಿದ್ದದ್ದು ಹೇಳ್ತೈತಿ."

"ಬಿದ್ದದ್ದು ಊರಿಗೆಲ್ಲಾ ಹೇಳಾಕ ಗಡಿಯಾರ ಯಾಕ ಬೇಕೋ? ಬಾಜೂ ಮನಿಯಾಕಿ ಅದಾಳಲ್ಲ!"

ಸೊಸಿ ಒಲಿ ಮುಂದ ಕಿಸಕ್ ಅಂದಳು. ಮಗ ನಗಲಿಲ್ಲ.

"ನಗಬ್ಯಾಡ ಅವ್ವಾ. ನಾಕು ದಿನ ಬ್ಯಾನಿ ತಿಂದೀದಿ, ನನಗ ಒಂದು ಮಾತು ಹೇಳಲಿಲ್ಲ. ಆ ಗಡಿಯಾರ ಬರೂತನಕ ಬ್ಯಾಡಗಿ ಬಂದ್. ಅದು ಬಂದ ಮ್ಯಾಲ ಕೈಗೆ ಕಟಗೊಂಡು ಬೇಕಾದಲ್ಲಿ ಹೋಗು."

ಅವನ ಮಾರಿ ನೋಡಿದ್ರ ಖರೇನ ಅಂಜಿದ್ದ. ಅದಕ್ಕ ಅವತ್ತು ನಾ ಬಾಯಿ ಮುಚ್ಚಿದೆ. ನಾ ಬಾಯಿ ಮುಚ್ಚಿದ್ದು ನೋಡಿ ಸೊಸಿ ಗಾಬರ್ಯಾಗಿ ಓಡಿ ಬಂದು, "ಅತ್ತೀ, ಜ್ವರಾ ಗಿರಾ ಏನರ ಬಂದಾವೇನ್ರಿ?" ಅಂತ ಹಣಿ ಮುಟ್ಟಿ ನೋಡಿದಳು.

ಅಳಿಯಾನ ಅಂಗಡಿ

ಆ ಗಡಿಯಾರ ಖರೇನ ಯಾವಾಗ ಬರ್ತೈತಿ ಅಂತ ಕೇಳಾಕ ರಾಣೆಬೆನ್ನೂರಿಗೆ ಮಗಳ ಮನಿಗೆ ಹೋದೆ. ಅಳಿಯಾ ಅಲ್ಲಿ ಮೊಬೈಲ್ ಅಂಗಡಿ ಇಟ್ಟಾರ. ಅಂಗಡಿ ಮುಂದಿನ ಬಾಕಿನ ಮ್ಯಾಲ ಮೂರು ಮಂದಿ ಗಂಡಸ್ರು ಕುಂತಿದ್ರು. ದಿನಾ ಕುಂದರೋರಂತ. ಚಾ ಅಳಿಯಾಂದು, ಮಾತು ಅವರದು.

"ಬರೋ ಫೋನು ಮೂರು ಮಡಿಕಿ ಆಕ್ಕೈತಿ, ಅಂಗಿ ಮಡಚಿದಂಗ," ಅಂದ ಒಬ್ಬ.

"ಒಮ್ಮೆ ಚಾರ್ಜ್ ಮಾಡಿದ್ರ ಎಂಟು ದಿನ," ಅಂದ ಇನ್ನೊಬ್ಬ.

"ಎಲ್ಲಿ ಚಾರ್ಜು? ಬಿಸಲಿಗೆ ಇಟ್ರ ಆತು," ಅಂದ ಮೂರನೆಯವ.

"ನೀವು ನೋಡೀರೇನ್ರಿ ಅದನ್ನ?" ಅಂತ ಕೇಳಿದೆ.

"ಇನ್ನೂ ಯಾರೂ ನೋಡಿಲ್ಲ ಅಜ್ಜಿ."

ಯಾರೂ ನೋಡದ ಕೂಸಿಗೆ ಇವರು ಹೆಸರಿಟ್ಟು, ಸಾಲಿಗೆ ಹಚ್ಚಿ, ಲಗ್ನದ ಮಾತು ಆಡಾಕತ್ತಿದ್ರು.

ಅಷ್ಟರಾಗ ಒಬ್ಬ ರೈತ ಬಂದ. ಅವನ ಫೋನು ಒಡದು, ದಾರಾ ಸುತ್ತಿ ಇಟ್ಟಿದ್ದ. ಒಂದು ಫೋನ್ ಕೊಡ್ರಿ ಅಂದ. ಬಾಕಿನ ಮ್ಯಾಲಿನ ಮೂರೂ ಮಂದಿ ಕೂಡೇ ಕೈ ಎತ್ತಿ, "ಈಗ ತಗೋಬ್ಯಾಡೋ ಮಾರಾಯ! ಎರಡು ತಿಂಗಳ ತಡಿ, ಹೊಸಾದು ಬರ್ತೈತಿ," ಅಂದ್ರು.

"ಹ್ವಾದ ಸಲ ಬಂದಾಗೂ ಹಂಗ ಅಂದ್ರಿ," ಅಂದ ಅವ. ಅಂದು, ಆ ದಾರದ ಫೋನ್ ಕಿಸೇದಾಗ ಇಟಗೊಂಡು ತಿರುಗಿ ಹೊಂಟ.

ಅಳಿಯಾ ಅವರು ಮಾರಿ ಸಣ್ಣದು ಮಾಡಿದ್ರು. ನನಗ ತಡಿಯಾಕ ಆಗಲಿಲ್ಲ.

"ನಿಂದರಪಾ ತಮ್ಮಾ. ಬಾಜೂಕ ಬೀಜದ ಅಂಗಡಿ ಐತಿ ನೋಡು. ಮುಂದಿನ ವರ್ಷ ಇದಕ್ಕಿಂತ ಚಲೋ ಬೀಜ ಬರ್ತೈತಿ ಅಂತ ನೀ ಈ ವರ್ಷ ಹೊಲ ಬೀಳು ಬಿಡ್ತಿಯೇನು? ಮಳಿ ಆತಂದ್ರ ಇದ್ದ ಬೀಜ ಬಿತ್ತತಿ ಹೌದಲ್ಲೋ?"

ಅವ ನಿಂತ. "ಖರೇ ಮಾತವ್ವಾ," ಅಂದ. ತಿರುಗಿ ಒಳಗ ಬಂದ. ಅಳಿಯಾ ಅವರು ಲಗೂ ಲಗೂ ಐದಾರು ಡಬ್ಬಿ ತಗದು ಮುಂದ ಹರವಿದ್ರು. ಬಾಕಿನ ಮ್ಯಾಲಿನವ್ರು ಎತ್ತಿದ ಕೈ ಕೆಳಗ ಇಳಿಸಿದ್ರು. ನನಗೂ ಎದಿ ಉಬ್ಬಿತು.

ಆ ರೈತ ಒಂದೊಂದ ಡಬ್ಬಿ ನೋಡಿದ. ಆಮ್ಯಾಲ ನನ್ನ ಕಡೆ ತಿರುಗಿ, "ನೀವು ಯಾವುದು ಇಟ್ಟೀರಬೇ?" ಅಂತ ಕೇಳಿದ.

ನಾ ಸೊಂಟದ ಚೀಲದಾಗಿನ ಗುಂಡಿ ಫೋನ್ ತಗದು ತೋರಿಸಿದೆ. ಎಂಟು ವರ್ಷದಾಗ ಎರಡು ಸಲ ನೀರಿನ ಬಕೆಟ್ಟಿಗೆ ಬಿದ್ದೈತಿ, ಒಮ್ಮೆ ಎಮ್ಮಿ ತುಳದೈತಿ, ಇನ್ನೂ ಮಾತಾಡ್ತೈತಿ ಅಂದೆ.

ಅವ ಅಷ್ಟೂ ಡಬ್ಬಿ ಹಿಂದಕ್ಕ ಸರಿಸಿ, "ಅಣ್ಣಾರ, ಇಂಥಾದು ಒಂದು ಕೊಡ್ರಿ. ಎಲ್ಲಾಕ್ಕಿಂತ ಸಸ್ತಾದ್ದು," ಅಂದ.

ಸಂಜಿಮುಂದ ಬಸ್ ಸ್ಟ್ಯಾಂಡಿಗೆ ಬಿಡಾಕ ಬಂದಾಗ ಅಳಿಯಾ ಕೈ ಮುಗದ್ರು. "ಅತ್ತಿಯವ್ರ, ಮನಿಗೆ ವಾರಾ ಬರ್ರಿ, ಹದಿನೈದು ದಿನ ಇರ್ರಿ. ಅಂಗಡಿಗೆ ಮಾತ್ರ ಬರಬ್ಯಾಡ್ರಿ."

ಹೆಬ್ಬಟ್ಟು

ಗಡಿಯಾರದ ಜೋಡಿ ಒಂದು ದೊಡ್ಡ ಫೋನೂ ಬೇಕಂತ. ಅದು ಬರೂದ್ರೊಳಗ ಇದನ್ನ ಕಲಕೋ ಅಂತ ಮಗ ತನ್ನ ಹಳೇ ಫೋನ್ ನನ್ನ ಕೈಯಾಗ ಇಟ್ಟ. ಅದಕ್ಕ ಬೀಗ ಇರ್ತೈತಂತ, ಬಟ್ಟು ಒತ್ತಿದ್ರ ತೆರಿತೈತಂತ.

ಬಲಗೈ ಹೆಬ್ಬಟ್ಟು ಒತ್ತಿದೆ. ಆಗಲಿಲ್ಲ. ಎಡಗೈದು ಒತ್ತಿದೆ. ಆಗಲಿಲ್ಲ. ಹತ್ತೂ ಬಟ್ಟು ಮುಗದ್ವು.

"ಅವ್ವಾ, ನಿನ್ನ ಬಟ್ಟಿನ್ಯಾಗ ಗೆರಿನ ಇಲ್ಲಲ್ಲ!" ಅಂದ ಮಗ.

"ಮೂವತ್ತು ವರ್ಷ ಎಣ್ಣಿ ಹಚ್ಚಿ ಮೆಣಸಿನಕಾಯಿ ತಿಕ್ಕೇನಿ. ರೇಶನ್ ಅಂಗಡಿಯವಂಗೂ ಇದ ತಕರಾರು. ಗೆರಿ ಬ್ಯಾಡಗ್ಯಾಗ ಅದಾವ, ಹೋಗಿ ಆರಿಸಿಕೊಂಡು ಬಾ."

ಹಂಗಾರ ಮಾರಿ ನೋಡಿ ತೆರಿಯೋ ಹಂಗ ಮಾಡತೇನಿ ಅಂದ. ಮಾಡಿದ. ಫೋನ್ ನನ್ನ ಮಾರಿ ನೋಡಿ ಪಟ್ಟನ ತೆರೀತು. ಮಗ ಗೆದ್ದವನಂಗ ನಕ್ಕ. ನಾ ಎದ್ದು, ಯಾರ್ಡಿನ್ಯಾಗ ಕುಂದರೋವಾಗ ಕಟಗೊಂಡಂಗ ಸೆರಗಿಲೆ ಮೂಗು ಬಾಯಿ ಬಿಗದು ಕಟಗೊಂಡು ಬಂದೆ. ಫೋನ್ ನನ್ನ ಗುರ್ತ ಹಿಡಿಲಿಲ್ಲ.

"ಇದು ಹಳೇದು ಅವ್ವಾ. ಬರೋ ಮಾಡೆಲ್ಲು ಮಾರಿ ಮುಚ್ಚಿದ್ರೂ ಗುರ್ತ ಹಿಡೀತೈತಂತ."

ಮೊಮ್ಮಗಳು ಅಲ್ಲೇ ನೆಲದ ಮ್ಯಾಲ ಆಡಾಕತ್ತಿದ್ದಳು, ಇನ್ನೂ ವರ್ಷ ತುಂಬಿಲ್ಲ. ಮುಸುಕು ಹಾಕಿದ ನನ್ನ ನೋಡಿ ಎರಡೂ ಕೈ ಚಾಚಿ, ಅಂಬೆಗಾಲಿಲೆ ಬಂದು ಸೀರಿ ಹಿಡಕೊಂಡಳು.

"ಬಂದೈತಿ ನೋಡಪಾ ಆ ಮಾಡೆಲ್ಲು," ಅಂದೆ. "ರಾತ್ರಿ ಚಾರ್ಜಿಗೆ ಹಾಕಾಕ ಮರೀಬ್ಯಾಡ. ನಿನ್ನಿ ಮೂರು ಸಲ ಎದ್ದಿತ್ತು."

ಬಂದದ್ದು ಯಾರು

ಬರೋ ತಿಂಗಳ ಅಂದದ್ದು ದೀಪಾವಳಿಗೆ ಹೋತು. ದೀಪಾವಳಿಗೆ ಅಂದದ್ದು ಸಂಕ್ರಾಂತಿಗೆ ಹೋತು. ಪ್ರತಿ ಸಲ ಮಗ ಬಂದು ಹೊಸಾದೊಂದು ಹೇಳಾಂವ. ಈಗ ಅದಕ್ಕ ರಕ್ತದ ಒತ್ತಡ ನೋಡೋದೂ ಸೇರಸಾಕತ್ತಾರಂತ, ಅದಕ್ಕ ತಡ. ಈಗ ಕನ್ನಡ ಕಲಸಾಕತ್ತಾರಂತ, ಅದಕ್ಕ ತಡ. ಅದಕ್ಕ ಹೊಸಾ ಹೊಸಾ ಗುಣ ಬಂದಷ್ಟೂ ನನ್ನ ಕಾಲಿಗೆ ಹಗ್ಗ ಗಟ್ಟಿ ಆಗಾಕತ್ತಿತ್ತು. ಅತ್ತಾಗ ಬ್ಯಾಡಗ್ಯಾಗ ಸುಗ್ಗಿ ಏರಿತ್ತು. ನಮ್ಮ ಊರ ಹೆಂಗಸ್ರು ದಿನಾ ಮುಂಜಾನೆ ನಮ್ಮ ಮನಿ ಮುಂದ ಹಾದು ಬಸ್ಸಿಗೆ ಹೋಗೋರು. ಅವರ ಸೀರ್ಯಾಗಿನ ಮೆಣಸಿನಕಾಯಿ ವಾಸನಿ ಸಂಜಿಮುಂದ ಓಣಿಗೆಲ್ಲಾ ಹರಡೋದು. ನಾ ಕಟ್ಟಿ ಮ್ಯಾಲ ಕುಂತು ಮೂಗಿಲೆ ಯಾರ್ಡಿಗೆ ಹೋಗಿ ಬರತಿದ್ದೆ.

ಒಂದಿನ ಮಗ ಅಂಗಡಿಗೆ ಹೋದ ಕೂಡ್ಲೆ ಎದ್ದೆ. ಕಾಲು ಗಟ್ಟಿ ಅದಾವ, ಕೈ ಗಟ್ಟಿ ಅದಾವ. ಇನ್ನೂ ಹುಟ್ಟದ ಒಂದು ಗಡಿಯಾರದ ಅಪ್ಪಣಿ ಕೇಳ್ಕೋಂತ ಕುಂದರಾಕ ನಾ ಏನು ಅದರ ಸೊಸಿಯೇನು? ಪುಕ್ಕಟ ಬಸ್ಸಿಗೆ ಬೇಕಂತ ಆಧಾರ್ ಕಾರ್ಡ್ ತಗೊಂಡೆ. ಹೊಸ್ತಿಲ ಹತ್ರ ಬರೂದ್ರಾಗ ಸೊಸಿ ಒಂದು ಗಂಟು ಹಿಡಕೊಂಡು ನಿಂತಿದ್ದಳು. ನಾಕು ರೊಟ್ಟಿ, ಪುಂಡಿಪಲ್ಯಾ, ಶೇಂಗಾ ಚಟ್ನಿ.

"ನಾ ಎಲ್ಲಿ ಹೊಂಟೇನಿ ಅಂತ ನಿನಗ ಯಾರು ಹೇಳಿದ್ರು?"

"ಒಂದು ವಾರ ಆತ್ರಿ ಅತ್ತೀ, ದಿನಾ ಗಂಟು ಕಟ್ಟಿ ಇಡಾಕತ್ತೇನಿ. ನೀವು ಇವತ್ತ ಎದ್ರಿ."

ಬ್ಯಾಡಗ್ಯಾಗ ನನ್ನ ಗೆಳತಿ ಮೆಣಸಿನಕಾಯಿ ರಾಶಿ ಮುಂದ ಕುಂತಿದ್ದಳು. ಇಪ್ಪತ್ತು ವರ್ಷ ನಾವಿಬ್ರೂ ಒಂದ ರಾಶಿಗೆ ಕುಂತೇವಿ. ನನ್ನ ನೋಡಿ, ಕೈ ಕೆಲಸ ಬಿಡದ ಬಾಯಿ ಬಿಟ್ಟಳು.

"ಏನ ಯಕ್ಕಾ, ಇಷ್ಟು ದಿನ ಎಲ್ಲಿ ಸತ್ತಿದ್ದಿ?"

"ಮನ್ಯಾಗ ಕುಂತು ಒಂದು ಗಡಿಯಾರ ಬರೋ ದಾರಿ ಕಾಯಾಕತ್ತಿದ್ದೆ."

"ಬಂತೇನು?"

"ಇಲ್ಲ. ನಾ ಬಂದೆ. ಅತ್ತಾಗ ಸರಿ."

ಯಾರ್ಡಿನ್ಯಾಗ

ನಾನೂ ಸೊಸಿನೂ ನಾಕು ದಿನ ಸುದ್ದಿ ಮುಚ್ಚಿಟ್ಟಿವಿ. ಆದ್ರ ಸೀರಿಗೆ ಹತ್ತಿದ ಘಾಟು ಮುಚ್ಚಾಕ ಬರ್ತೈತೇನು? ಮನಿಗೆ ಬಂದ ಮಗ ಒಮ್ಮೆ ಸೀನಿದ, ಎರಡು ಸಲ ಸೀನಿದ, ಮೂರನೇದಕ್ಕ ಅವಂಗ ತಿಳೀತು.

"ಅವ್ವಾ, ಬ್ಯಾಡಗಿಗೆ ಹೋಗಾಕತ್ತೀ?"

"ಹೌದು. ನಾಳೆನೂ ಹೋಗತೇನಿ."

"ಬಿದ್ರ?"

"ಬಿದ್ರ ಏಳತೇನಿ. ಸುತ್ತ ನಲವತ್ತು ಮಂದಿ ಹೆಂಗಸ್ರು ಇರ್ತಾರ. ಕೂಸು ಇದ್ದಾಗ ನೀ ಎಷ್ಟು ಸಲ ಬಿದ್ದೀದಿ, ನಾ ನಿನ್ನ ನಡಿಯೋದು ಬಿಡಿಸಿದೆನೇನು?"

ಅವ ಊಟಾ ಬಿಟ್ಟು ಮಲಗಿದ. ನಾ ಹೊಟ್ಟಿತುಂಬ ಉಂಡು ಮಲಗಿದೆ.

ಆ ವಾರದಾಗ ಆ ಗಡಿಯಾರ ಖರೇನ ಬಂತು. ಮಗ ಅಳಿಯಾನ ಅಂಗಡಿಯಿಂದ ಎಲ್ಲಾರಿಗಿಂತ ಮೊದಲ ತರಿಸಿದ. ಸರಿ ಐತೋ ಇಲ್ಲೋ ನೋಡಾಕ ತನ್ನ ಕೈಗೇ ಕಟಗೊಂಡ. ಬಿದ್ರ ಯಾರಿಗೆ ಫೋನ್ ಮಾಡಬೇಕು ಅಂತ ಅದು ಒಂದು ನಂಬರ್ ಕೇಳತೈತಂತ. ಫೋನ್ ನೋಡದ ಬಾಯಿಲೆ ಹೇಳಾಕ ಅವಂಗ ಬರೋದು ನನ್ನ ನಂಬರ್ ಒಂದ. ಅದನ್ನ ಹಾಕಿದ. ಹಾಕಿ, ಮರುದಿನ ಮಧ್ಯಾಹ್ನ ಗಾಡಿ ಹತ್ತಿ ಸೀದಾ ಯಾರ್ಡಿಗೆ ಬಂದ. ಗಡಿಯಾರ ನನಗ ಕಟ್ಟಬೇಕು, ಇಲ್ಲಂದ್ರ ನನ್ನ ಎಬ್ಬಿಸಿಕೊಂಡು ಹೋಗಬೇಕು, ಅಂತ ಹಟಾ.

ನಾವು ನಲವತ್ತು ಮಂದಿ ಸೆರಗಿಲೆ ಮೂಗು ಕಟಗೊಂಡು ಕುಂತಿದ್ವಿ. ಅವ ಬರೇ ಮೂಗಿಲೆ ಒಳಗ ಬಂದ. ಬಾಗಲದಾಗ ಒಂದು ಸೀನು. ಚೀಲದ ಹತ್ರ ನಾಕು. ನನ್ನ ರಾಶಿ ಹತ್ರ ಬರೂದ್ರಾಗ ಎಣಿಸೋದು ಬಿಟ್ವಿ.

"ಅವ್ವಾ... ಆಕ್ಷೀ... ಗಡಿಯಾರ... ಆಕ್ಷೀ..."

"ಹೊರಗ ಹೋಗೋ, ಹೊರಗ!" ಅಂದೆ. ಅವ ಹೋಗೋದು ಬಿಟ್ಟು, ಮೆಣಸಿನಕಾಯಿ ಚೀಲಾ ಹಿಡದ ಕೈಯಿಲೆ ಕಣ್ಣು ತಿಕ್ಕಿಕೊಂಡ. ಬ್ಯಾಡಗ್ಯಾಗ ಮೂರು ವರ್ಷದ ಕೂಸೂ ಆ ಕೆಲಸಾ ಮಾಡಂಗಿಲ್ಲ. ಕಣ್ಣು ಮುಚ್ಚಿದ್ವು. ಅತ್ತಾಗ ಒಂದು ಹೆಜ್ಜಿ, ಇತ್ತಾಗ ಒಂದು ಹೆಜ್ಜಿ ಇಟ್ಟು, ಧಡ್ಡನ ಮೆಣಸಿನಕಾಯಿ ರಾಶಿ ಮ್ಯಾಲ ಅಂಗಾತ ಬಿದ್ದ.

ಹೆಂಗಸ್ರೆಲ್ಲಾ ಹೋ ಅಂದ್ರು. ಅವನ ಕೈಯಾಗಿನ ಗಡಿಯಾರ ಟುಂಯ್ ಟುಂಯ್ ಅನ್ನಾಕತ್ತಿತು. ಕಣ್ಣು ತೆರಿಯಾಕ ಆಗದ ಅವ ಅದರ ಮ್ಯಾಲ ಎಲ್ಲೆಲ್ಲೋ ಒತ್ತಿದ. ಅಷ್ಟರಾಗ ನನ್ನ ಸೊಂಟದಾಗಿನ ಗುಂಡಿ ಫೋನ್ ಬಡಕೊಳ್ಳಾಕತ್ತಿತು. ತಗದು ಕಿವಿಗೆ ಇಟ್ಟೆ. ಯಾವುದೋ ಹುಡುಗಿ ಇಂಗ್ಲಿಷಿನ್ಯಾಗ ಮಾತಾಡಾಕತ್ತಿದ್ದಳು. ದಲಾಲಿ ಅಂಗಡಿ ಗುಮಾಸ್ತರ ಕೈಯಾಗ ಕೊಟ್ಟೆ. ಅವರು ಕೇಳಿ, ಗಂಭೀರ ಆಗಿ ಅಂದ್ರು:

"ಅಜ್ಜಿ, ನಿಮಗ ಬೇಕಾದೋರು ಯಾರೋ ಜೋರಾಗಿ ಬಿದ್ದಾರಂತ. ಲಗೂ ಹೋಗ್ರಿ ಅನ್ನಾಕತ್ತಾಳ."

"ಎಲ್ಲಿ ಅಂತ ಕೇಳ್ರಿ."

"ಇಲ್ಲೇ, ಬ್ಯಾಡಗಿ ಅಂತ."

ಎಲ್ಲಾರೂ ಕೂಡೇ ನನ್ನ ಕಾಲ ಬುಡಕ ನೋಡಿದ್ರು. ನಾ ಫೋನ್ ತಗೊಂಡು ಹೇಳಿದೆ: "ತಂಗೀ, ಕಂಡೇನವ್ವಾ. ನನ್ನ ಕಾಲ ಹತ್ರನ ಬಿದ್ದಾನ. ಉಸುರೈತಿ, ಸೀನಾಕತ್ತಾನ. ನೀ ಇನ್ನ ಫೋನ್ ಇಡು, ನನಗ ಅವನ್ನ ಎಬ್ಬಸಬೇಕಾಗೈತಿ." ಆಕಿ ಮತ್ತ ಅದ ಮಾತು ಸುರು ಮಾಡಿದಳು. ಭಾಳ ಕಾಳಜಿ ಇದ್ದ ಹುಡುಗಿ.

ನಾನೂ ಗೆಳತಿನೂ ಅವನ ರಟ್ಟಿ ಹಿಡದು, ಬೇವಿನ ಗಿಡದ ನೆಳ್ಳಿಗೆ ಒಯ್ದು ಕುಂದ್ರಿಸಿ, ಒಂದು ಕೊಡ ನೀರಿಲೆ ಕಣ್ಣು ತೊಳದ್ವಿ. ಗೆಳತಿ ಬೆಲ್ಲ ಕೊಟ್ಟಳು. ನಾ ಸೆರಗಿಲೆ ಅವನ ಮೂಗು ಒರಸಿದೆ. ನಲವತ್ತೈದು ವರ್ಷದ ಮೂಗು. ಭಾಳೊತ್ತು ಆದ ಮ್ಯಾಲ ಅರ್ಧ ಕಣ್ಣು ತೆರದ.

"ಅವ್ವಾ, ಈ ಘಾಟಿನ್ಯಾಗ ಮೂವತ್ತು ವರ್ಷ ಹೆಂಗ ಕುಂತೀದಿ?"

"ಹಿಂಗ," ಅಂತ ಮೂಗಿಗೆ ಸೆರಗು ಬಿಗದು, ಎದ್ದು ರಾಶಿ ಮುಂದ ಹೋಗಿ ಕುಂತೆ.

ಅವ ಗಡಿಯಾರ ಬಿಚ್ಚಲಿಲ್ಲ. ಸಂಜೀತನಕ ಗಿಡದ ಬುಡಕ ಕುಂತ. ಗಾಡಿ ಹೊಡಿಯಾಕ ಕಣ್ಣು ಕಾಣಲಿಲ್ಲ, ಅದಕ್ಕ ಅದನ್ನ ಗುಮಾಸ್ತರ ಹತ್ರ ಬಿಟ್ಟು ಬಸ್ಸಿಗೆ ಬಂದ್ವಿ. ಬಸ್ಸಿನ ಮೆಟ್ಟಲಾ ಹತ್ತಾಗ ನಾ ಅವನ ಕೈ ಹಿಡದಿದ್ದೆ. ಇಳಿಯಾಗೂ ನಾನ ಹಿಡದೆ. ಬ್ಯಾಡಗಿ ಬಂದ್ ಅನ್ನೋ ಮಾತು ಅವತ್ತಿಂದ ನಮ್ಮ ಮನ್ಯಾಗ ಯಾರೂ ಎತ್ತಿಲ್ಲ.

ಗಡಿಯಾರ ಇನ್ನೂ ಅವನ ಕೈಯಾಗ ಐತಿ, ಅದರೊಳಗ ನನ್ನ ನಂಬರೂ ಹಂಗ ಐತಿ. ಗೊಬ್ಬರದ ಚೀಲಾ ಧೊಪ್ಪನ ಇಳಿಸಿದ್ರ ಅದು ಬಿದ್ದಾನ ಅಂತೈತಿ. ಗಿರಾಕಿ ಜೋಡಿ ಜಗಳಾಡಿ ಟೇಬಲ್ ಗುದ್ದಿದ್ರ ಬಿದ್ದಾನ ಅಂತೈತಿ. ನನ್ನ ಫೋನ್ ಬಡಕೊಂಡ ಕೂಡ್ಲೆ ಯಾರ್ಡಿನ ಹೆಂಗಸ್ರೆಲ್ಲಾ ಒಂದ ದನಿಲೆ, "ಯಕ್ಕಾ, ನಿನ್ನ ಮಗ ಮತ್ತ ಬಿದ್ದಾನ ನೋಡು!" ಅಂತ ಕೂಗತಾರ.

"ಅವನ್ನ ಇನ್ನ ಮ್ಯಾಲ ಹೊರಗ ಕಳಸಬಾರದ್ರೆವ್ವಾ, ವಯಸ್ಸಾತು," ಅಂತೇನಿ ನಾ.